ಗಣಕದ ಚಿತ್ರ ಟ್ಯಾಬ್ಲೆಟ್ಟಿಗೆ ಏಕೆ ಬಾರದು?

ಗಣಕಯಂತ್ರದಲ್ಲಿ ಶೇಖರಿಸಿಟ್ಟ ಛಾಯಾಚಿತ್ರಗಳನ್ನು, ನಡುವೆ ಯಾವ ತಂತಿಯೂ ಇಲ್ಲದೆ, ಕೈಯಲ್ಲಿ ಹಿಡಿದ ಟ್ಯಾಬ್ಲೆಟ್ಟಿನ ತೆರೆಯ ಮೇಲೆ ನೋಡುವುದು ಇಂದಿನ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯೇನೂ ಅಲ್ಲ. ಆದರೆ ಈ ಏರ್ಪಾಡು ಎಷ್ಟು ಸುಲಭವಾಗಿ ನಡೆಯುತ್ತದೆಯೋ ಅಷ್ಟೇ ಸುಲಭವಾಗಿ ಕೆಟ್ಟು ನಿಲ್ಲುವುದೂ ಉಂಟು. ನಿನ್ನೆ ಕಾಣಿಸಿದ ಚಿತ್ರ ಇಂದು ಕಾಣಿಸದು; ಹೆಸರು ಕಾಣಿಸಿದರೆ ಚಿತ್ರ ತೆರೆಯದು; ತೆರೆದರೂ ಅರ್ಧದಲ್ಲೇ ನಿಂತುಹೋಗುವುದು. ಆಗ ಬಹುಮಂದಿ "ಇಲ್ಲಿ ನೆಟ್‌ವರ್ಕ್ ಇಲ್ಲ" ಎಂಬ ಒಂದೇ ಮಾತಿನಿಂದ ವಿಚಾರವನ್ನು ಮುಗಿಸಿಬಿಡುತ್ತಾರೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಲ್ಲಿ, ಎಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸುತ್ತಿನಲ್ಲಿ, ಈ ಮಾತು ಇನ್ನೂ ಸಹಜವಾಗಿ ಬಾಯಿಗೆ ಬರುತ್ತದೆ. ಕಾಡು ದಟ್ಟ, ಗುಡ್ಡಗಳು ಅಡ್ಡ. ಒಳನಾಡಿನ ಊರುಗಳಿಗೆ ಮೊಬೈಲ್ ಗೋಪುರದ ಸಂಕೇತ ತಲುಪುವುದು ಕಷ್ಟ. ಆದರೆ ನೋಡತಕ್ಕ ಚಿತ್ರಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ದಾಂಡೇಲಿ ಅಭಯಾರಣ್ಯವೂ ಅಣಶಿ ರಾಷ್ಟ್ರೀಯ ಉದ್ಯಾನವೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಟ್ಟರು. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳುಂಟು. ಮುಂಡಗೋಡದ ಬಳಿ ಅತ್ತಿವೇರಿ ಪಕ್ಷಿಧಾಮವುಂಟು. ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯರು ಈ ಹಕ್ಕಿಗಳ ಚಿತ್ರಗಳನ್ನು ಗಣಕದಲ್ಲಿ ತುಂಬಿಕೊಂಡು ಬಂದಿದ್ದಾರೆ. ಮಕ್ಕಳ ಕೈಯಲ್ಲಿ ಒಂದು ಟ್ಯಾಬ್ಲೆಟ್ಟೂ ಇದೆ ಎಂದು ಭಾವಿಸೋಣ. ನೆಟ್‌ವರ್ಕ್ ಇಲ್ಲವೆಂದು ಅಲ್ಲಿಗೇ ಪಾಠ ನಿಂತರೆ ನಷ್ಟ ಮಕ್ಕಳಿಗೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈಗ ವಿಚಾರಿಸೋಣ.

ಹೊರದಾರಿ ಮತ್ತು ಒಳದಾರಿ

ಮನೆಯ ಅಥವಾ ಶಾಲೆಯ ವೈ-ಫೈ ರೌಟರ್ ಎರಡು ಕೆಲಸಗಳನ್ನು ಮಾಡುತ್ತದೆ. ತನ್ನ ಸುತ್ತಲಿನ ಯಂತ್ರಗಳನ್ನು ಒಂದಕ್ಕೊಂದು ಪರಿಚಯಿಸಿ ಅವುಗಳ ನಡುವೆ ಸಂದೇಶಗಳನ್ನು ಸಾಗಿಸುವುದು ಮೊದಲನೆಯದು. ಅವುಗಳನ್ನು ಹೊರಗಿನ ಇಂಟರ್ನೆಟ್ಟಿಗೆ ಜೋಡಿಸುವುದು ಎರಡನೆಯದು. ಈ ಎರಡು ಕೆಲಸಗಳಿಗೂ ಒಂದೇ ಪೆಟ್ಟಿಗೆ ಸಾಧನವಾಗಿರುವುದರಿಂದ ಜನ ಇವನ್ನು ಒಂದೇ ಎಂದು ತಿಳಿಯುತ್ತಾರೆ. ಕೇರಿಯೊಳಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಬುತ್ತಿ ಕೊಟ್ಟು ಬರಲು ಹೆದ್ದಾರಿ ಬೇಕಿಲ್ಲವಷ್ಟೆ. ಹಾಗೆಯೇ ಒಂದೇ ಕೋಣೆಯಲ್ಲಿರುವ ಗಣಕದ ಚಿತ್ರ ಟ್ಯಾಬ್ಲೆಟ್ಟಿಗೆ ಬರಲು ಮೊಬೈಲ್ ಗೋಪುರವೂ ಇಂಟರ್ನೆಟ್ಟೂ ಅವಶ್ಯವಲ್ಲ. ರೌಟರ್ ಇಲ್ಲದಿದ್ದರೆ ಒಂದು ಮೊಬೈಲ್ ಫೋನಿನ ಹಾಟ್‌ಸ್ಪಾಟನ್ನು ತೆರೆದು ಎರಡು ಯಂತ್ರಗಳನ್ನೂ ಅದಕ್ಕೆ ಸೇರಿಸಿದರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ತಾನು ಸೇರಿದ ವೈ-ಫೈ ಮೂಲಕ ಇಂಟರ್ನೆಟ್ ಸಿಗದಿದ್ದರೆ, ಹಲವು ಟ್ಯಾಬ್ಲೆಟ್ಟುಗಳು ಆ ಸಂಪರ್ಕವನ್ನು ನಿಷ್ಪ್ರಯೋಜಕವೆಂದು ಬಗೆದು ಬಿಟ್ಟುಬಿಡುತ್ತವೆ, ಇಲ್ಲವೆ ಸಿಮ್ ಕಾರ್ಡಿನ ದಾರಿಗೆ ಹೊರಳಿಕೊಳ್ಳುತ್ತವೆ. ಒಳದಾರಿ ಸರಿಯಾಗಿಯೇ ಇದ್ದರೂ ಚಿತ್ರ ಕಾಣದಿರುವುದಕ್ಕೆ ಇದೊಂದು ಕಾರಣ. "ಇಂಟರ್ನೆಟ್ ಇಲ್ಲ, ಆದರೂ ಸಂಪರ್ಕ ಇರಲಿ" ಎಂಬರ್ಥದ ಪ್ರಶ್ನೆ ತೆರೆಯ ಮೇಲೆ ಮೂಡಿದಾಗ ಹೌದೆಂದು ಉತ್ತರಿಸಬೇಕು. ಸಿಮ್ಮಿನ ಡೇಟಾವನ್ನು ಸ್ವಲ್ಪಕಾಲ ನಿಲ್ಲಿಸಬೇಕು.

ಅಲೆಯ ಹಾದಿ

ಬೆಳಕಿಗೂ ರೇಡಿಯೋ ಅಲೆಗೂ ಜಾತಿ ಒಂದೇ. ಭೇದವಿರುವುದು ಅಲೆಯ ಉದ್ದದಲ್ಲಿ. ವೈ-ಫೈಗೆ ಬಹುವಾಗಿ ಬಳಸುವ ಆವರ್ತಾಂಕಗಳು 2.4 ಮತ್ತು 5 ಗಿಗಾಹರ್ಟ್ಸ್. ಅಲೆಯ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಅದನ್ನು 240 ಕೋಟಿಯಿಂದ ಭಾಗಿಸಿದರೆ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್, ಎಂದರೆ ಸುಮಾರು ಒಂದು ಗೇಣಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 5 ಗಿಗಾಹರ್ಟ್ಸಿನ ಅಲೆ 6 ಸೆಂಟಿಮೀಟರ್. ಆಚಾರ್ಯ ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಇವಕ್ಕಿಂತಲೂ ಗಿಡ್ಡ ಅಲೆಗಳನ್ನು ಗೋಡೆಗಳಾಚೆಗೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದರು. ಗೋಡೆಯನ್ನು ದಾಟಬಲ್ಲ ಶಕ್ತಿ ಈ ಅಲೆಗಳಿಗುಂಟು. ಆದರೆ ದಾಟುವಾಗ ಅವು ಸುಂಕ ತೆರಬೇಕು.

ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಅಲೆಯ ಬಲ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. 3 ಮೀಟರಿನಲ್ಲಿ ದೊರೆತ ಬಲ 6 ಮೀಟರಿನಲ್ಲಿ ಕಾಲುಭಾಗ, 12 ಮೀಟರಿನಲ್ಲಿ ಹದಿನಾರರಲ್ಲೊಂದು ಭಾಗ. ಇದರ ಮೇಲೆ ಗೋಡೆಯ ಸುಂಕ ಬೇರೆ. ದಪ್ಪ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆ, ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟ್ ಇವು ಅಲೆಯನ್ನು ಬಹಳವಾಗಿ ಕುಗ್ಗಿಸುತ್ತವೆ. ತಗಡು ಮತ್ತು ಕಬ್ಬಿಣದ ಕಪಾಟು ಅದನ್ನು ಕನ್ನಡಿಯಂತೆ ಹಿಂದಕ್ಕೆ ತಿರುಗಿಸುತ್ತವೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಹೊಯ್ದಾಡುವ ವಿದ್ಯುತ್‌ಕ್ಷೇತ್ರದಲ್ಲಿ ಅದು ತಾನೂ ಹೊಯ್ದಾಡಿ ಅಲೆಯ ಶಕ್ತಿಯನ್ನು ಶಾಖವಾಗಿ ನುಂಗುತ್ತದೆ. ಮೈಕ್ರೋವೇವ್ ಒಲೆ ಅನ್ನವನ್ನು ಬಿಸಿಮಾಡುವುದು ಇದೇ ತತ್ತ್ವದಿಂದ, ಹೆಚ್ಚುಕಡಿಮೆ ಇದೇ ಆವರ್ತಾಂಕದಲ್ಲಿ. ಆದುದರಿಂದ ಜೋಯಿಡಾದ ಮಳೆಗಾಲದಲ್ಲಿ ನೀರು ಕುಡಿದ ಮಣ್ಣಿನ ಗೋಡೆ ಬೇಸಗೆಯ ಒಣಗೋಡೆಗಿಂತ ಹೆಚ್ಚಿನ ಅಡ್ಡಿ. ಕೋಣೆಯ ತುಂಬ ಕುಳಿತ ಮಕ್ಕಳ ಮೈಯೂ ಬಹುಪಾಲು ನೀರೇ. ಅದೂ ಅಲೆಯನ್ನು ಹೀರುತ್ತದೆ.

ಇದರಿಂದ ಹೊರಡುವ ನಿಯಮಗಳು ಸರಳವಾದವು. ರೌಟರನ್ನು ನೆಲದ ಮೇಲಾಗಲಿ ಕಪಾಟಿನ ಹಿಂದಾಗಲಿ ಇಡದೆ ತಲೆಗಿಂತ ಎತ್ತರದಲ್ಲಿಡಬೇಕು. ಒಂದೇ ಕೋಣೆಯಾದರೆ 5 ಗಿಗಾಹರ್ಟ್ಸ್ ಲೇಸು, ಅದರ ವೇಗ ಹೆಚ್ಚು. ಗೋಡೆ ದಾಟಬೇಕಾದರೆ 2.4 ಲೇಸು, ಅದರ ಸುಂಕ ಕಡಿಮೆ.

ವೇಗದ ಲೆಕ್ಕ

ಅಲೆ ದುರ್ಬಲವಾದರೆ ಚಿತ್ರ ಮಸುಕಾಗುವುದಿಲ್ಲ, ತಡವಾಗುತ್ತದೆ. ಏಕೆಂದರೆ ಗಣಕಕ್ಕೆ ಚಿತ್ರವೆಂದರೆ ಅಂಕಿಗಳ ಸಾಲು. ಅಡ್ಡಲಾಗಿ 4000, ಉದ್ದಕ್ಕೆ 3000 ಬಿಂದುಗಳಿರುವ ಚಿತ್ರದಲ್ಲಿ ಒಟ್ಟು 1.2 ಕೋಟಿ ಬಿಂದುಗಳು. ಒಂದೊಂದು ಬಿಂದುವಿಗೂ ಕೆಂಪು, ಹಸುರು, ನೀಲಿ ಎಂದು 3 ಬೈಟುಗಳು ಬೇಕು, ಹೀಗೆ 3.6 ಕೋಟಿ ಬೈಟುಗಳಾದವು. 1992ರಲ್ಲಿ ನಿಷ್ಕರ್ಷೆಯಾದ ಜೆಪೆಗ್ ಎಂಬ ಕ್ರಮ, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕಳೆದು, ಇದನ್ನು ಸುಮಾರು 40 ಲಕ್ಷ ಬೈಟುಗಳಿಗೆ ಇಳಿಸಬಲ್ಲದು. ಒಂದು ಬೈಟಿಗೆ 8 ಬಿಟ್ಟುಗಳಾದ್ದರಿಂದ ಇವು 3.2 ಕೋಟಿ ಬಿಟ್ಟುಗಳು. ಸೆಕೆಂಡಿಗೆ 4 ಕೋಟಿ ಬಿಟ್ಟುಗಳು ಸಾಗುವ ದಾರಿಯಲ್ಲಿ ಈ ಚಿತ್ರ ಒಂದು ಸೆಕೆಂಡಿನೊಳಗೆ ಬಂದೀತು; 10 ಲಕ್ಷ ಬಿಟ್ಟುಗಳಷ್ಟೇ ಸಾಗುವ ದಾರಿಯಲ್ಲಿ 32 ಸೆಕೆಂಡು ಹಿಡಿದೀತು. ಅರ್ಧ ಮೂಡಿ ನಿಂತ ಚಿತ್ರ ಕೆಟ್ಟದ್ದಲ್ಲ, ಇನ್ನೂ ದಾರಿಯಲ್ಲಿದೆ ಎಂದು ತಿಳಿಯಬೇಕು.

ಇನ್ನೊಂದು ಸೂಕ್ಷ್ಮವುಂಟು. ಗಣಕವೂ ಟ್ಯಾಬ್ಲೆಟ್ಟೂ ರೌಟರಿಗೆ ನಿಸ್ತಂತುವಾಗಿಯೇ ಸೇರಿದ್ದರೆ ಪ್ರತಿಯೊಂದು ಬಿಟ್ಟೂ ಗಾಳಿಯಲ್ಲಿ ಎರಡು ಬಾರಿ ಪ್ರಯಾಣ ಮಾಡುತ್ತದೆ: ಗಣಕದಿಂದ ರೌಟರಿಗೆ ಒಮ್ಮೆ, ಅಲ್ಲಿಂದ ಟ್ಯಾಬ್ಲೆಟ್ಟಿಗೆ ಇನ್ನೊಮ್ಮೆ. ಒಂದೇ ಕಾಲುವೆಯಲ್ಲಿ ಇಬ್ಬರೂ ಸರದಿಯಂತೆ ಮಾತಾಡಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಗಣಕವನ್ನು ಒಂದು ತಂತಿಯಿಂದ ರೌಟರಿಗೆ ಕಟ್ಟಿಬಿಟ್ಟರೆ ಒಂದು ಪ್ರಯಾಣ ಉಳಿಯಿತು.

ವಿಳಾಸ ಮತ್ತು ಅನುಮತಿ

ಅಲೆ ಬಲವಾಗಿದ್ದರೂ ಕಾಗದದ ಮೇಲೆ ವಿಳಾಸವಿಲ್ಲದಿದ್ದರೆ ಅಂಚೆ ಮುಟ್ಟದು. ರೌಟರ್ ತನ್ನ ಬಳಿಗೆ ಬಂದ ಪ್ರತಿ ಯಂತ್ರಕ್ಕೂ 192.168.1.5 ಎಂಬಂಥ ನಾಲ್ಕು ಸಂಖ್ಯೆಗಳ ಐ.ಪಿ. ವಿಳಾಸವೊಂದನ್ನು ಕೊಡುತ್ತದೆ. ಎರಡು ಯಂತ್ರಗಳಲ್ಲಿಯೂ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದರೆ ಸಾಮಾನ್ಯವಾಗಿ ಅವು ಒಂದೇ ಕೇರಿಯವು. ಬೇರೆಯಾಗಿದ್ದರೆ ಬಹುಶಃ ಒಂದು ಯಂತ್ರ ಬೇರೆ ವೈ-ಫೈಗೆ ಅಥವಾ ಅತಿಥಿಗಳಿಗೆಂದು ತೆರೆದ ಸಂಪರ್ಕಕ್ಕೆ ಸೇರಿದೆ. ಅತಿಥಿ ಸಂಪರ್ಕದಲ್ಲಿ ಯಂತ್ರಗಳು ಒಂದನ್ನೊಂದು ನೋಡದಂತೆ ತಡೆಯುವುದು ವಾಡಿಕೆ. ವಿಳಾಸ 169.254 ಎಂದು ಮೊದಲಾದರೆ ಯಂತ್ರಕ್ಕೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದರ್ಥ. ಆಗ ವೈ-ಫೈ ಬಿಟ್ಟು ಮತ್ತೆ ಸೇರಬೇಕು.

ವಿಳಾಸ ಸರಿಯಿದೆಯೇ ಎಂದು ಪರೀಕ್ಷಿಸಲು ಪಿಂಗ್ ಎಂಬ ಆಜ್ಞೆಯುಂಟು. 1983ರಲ್ಲಿ ಮೈಕ್ ಮೂಸ್ ಎಂಬಾತ ಇದನ್ನು ರಚಿಸಿ, ನೀರಿನಡಿಯಲ್ಲಿ ಪ್ರತಿಧ್ವನಿಯಿಂದ ದೂರವನ್ನಳೆಯುವ ಸೋನಾರಿನ ಸದ್ದನ್ನೇ ಹೆಸರಾಗಿಟ್ಟನು. ಕಾಡಿನಲ್ಲಿ ಜೊತೆಗಾರನನ್ನು ಕೂಗಿ "ಓ" ಎಂಬ ಮರುದನಿಗೆ ಕಾಯುವಂತೆಯೇ ಇದು. ಗಣಕದಿಂದ ಮೊದಲು ರೌಟರನ್ನೂ ಅನಂತರ ಟ್ಯಾಬ್ಲೆಟ್ಟನ್ನೂ ಕೂಗಿ ನೋಡಬೇಕು. ಟ್ಯಾಬ್ಲೆಟ್ಟಿನಿಂದ ಕೂಗಿದಾಗ ಗಣಕ ಓಗೊಡದಿದ್ದರೆ ಅದು ಅಲ್ಲಿ ಇಲ್ಲವೆಂದು ತೀರ್ಮಾನಿಸಬಾರದು. ಅದರ ಕಾವಲುಗಾರ, ಎಂದರೆ ಫೈರ್‌ವಾಲ್, ಬಾಯಿ ಮುಚ್ಚಿಸಿರಬಹುದು.

ಈ ಕಾವಲುಗಾರನಿಂದಲೇ ಹಲವರ ಚಿತ್ರಗಳು ತಡೆಯುವುದು. ಹೊಸ ವೈ-ಫೈಗೆ ಸೇರಿದಾಗ ಅದು ಖಾಸಗಿಯೋ ಸಾರ್ವಜನಿಕವೋ ಎಂದು ವಿಂಡೋಸ್ ಗಣಕ ವಿಂಗಡಿಸಿಕೊಳ್ಳುತ್ತದೆ. ಸಾರ್ವಜನಿಕವೆಂದಾಗಿದ್ದರೆ ಹಂಚಿಕೆಯ ಬಾಗಿಲು ಮುಚ್ಚಿರುತ್ತದೆ. ಮನೆಯ ಸಂಪರ್ಕವನ್ನು ಖಾಸಗಿಯೆಂದು ಬದಲಿಸಿದರೆ ಸಾಕು. ಫೈರ್‌ವಾಲನ್ನೇ ಆರಿಸಿಬಿಡುವುದು ಕಳ್ಳನ ಭಯವಿಲ್ಲವೆಂದು ಮನೆಯ ಬಾಗಿಲನ್ನೇ ಕಿತ್ತಿಟ್ಟಂತೆ. ಹಂಚುವಾಗಲೂ ಪಾಠದ ಚಿತ್ರಗಳಿಗೆ ಬೇರೆ ಫೋಲ್ಡರ್ ಮಾಡಿ ಅದನ್ನು ಮಾತ್ರ, ಓದುವ ಅನುಮತಿ ಮಾತ್ರವಿಟ್ಟು ಹಂಚಬೇಕು. ಇಡೀ ಚಿತ್ರಸಂಗ್ರಹವನ್ನು ತೆರೆದಿಟ್ಟರೆ ಮಂಗಟ್ಟೆಯ ಜೊತೆಗೆ ಮನೆಯವರ ಮುಖಗಳೂ ಊರವರ ಕಣ್ಣಿಗೆ ಬೀಳುತ್ತವೆ.

ಹಳೆಯ ಟ್ಯಾಬ್ಲೆಟ್ಟುಗಳಲ್ಲಿ ಇನ್ನೊಂದು ಅಡ್ಡಿಯುಂಟು. ಕಡತಗಳನ್ನು ಹಂಚುವ ಎಸ್.ಎಂ.ಬಿ. ಎಂಬ ಸಂವಾದಕ್ರಮದ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲ ಆ್ಯಪ್‌ಗಳು ಹೊಸ ಗಣಕದೊಡನೆ ಮಾತಾಡಲಾರವು. 2017ರ ಕೊನೆಯ ಭಾಗದಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸಿನಲ್ಲಿ ಆ ಆವೃತ್ತಿ ತಾನಾಗಿ ಇರುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಲೋಕವನ್ನು ಕಾಡಿದ ವನ್ನಾಕ್ರೈ ಎಂಬ ಪಿಡುಗು ಹರಡಿದ್ದು ಆ ಹಳೆಯ ಕ್ರಮದ ಬಿರುಕಿನ ಮೂಲಕವೇ. ಆದುದರಿಂದ ಗಣಕದಲ್ಲಿ ಹಳೆಯದನ್ನು ಮತ್ತೆ ಎಬ್ಬಿಸದೆ, ಟ್ಯಾಬ್ಲೆಟ್ಟಿನಲ್ಲಿ ಹೊಸ ಆ್ಯಪ್ ಹಾಕಿಕೊಳ್ಳುವುದು ವಿವೇಕ.

ಕೊನೆಯ ಎರಡು ಅಡ್ಡಿಗಳು

ಹೆಸರುಗಳೆಲ್ಲ ಕಾಣಿಸಿ ಕೆಲವು ಚಿತ್ರಗಳು ಮಾತ್ರ ತೆರೆಯದಿದ್ದರೆ ದೋಷ ದಾರಿಯಲ್ಲಿಲ್ಲ, ಚಿತ್ರದ ಲಿಪಿಯಲ್ಲಿದೆ. ಆಪಲ್ ಫೋನುಗಳು 2017ರಿಂದ ಹೈಕ್ ಎಂಬ ಬೇರೆ ಕ್ರಮದಲ್ಲಿ ಚಿತ್ರಗಳನ್ನು ಉಳಿಸಬಲ್ಲವು. ದೊಡ್ಡ ಕ್ಯಾಮೆರಾಗಳಲ್ಲಿ ರಾ ಎಂಬ ಕ್ರಮವುಂಟು. ಇವನ್ನು ಓದಲಾರದ ಟ್ಯಾಬ್ಲೆಟ್ಟಿಗಾಗಿ ಜೆಪೆಗ್ ಪ್ರತಿ ಮಾಡಬೇಕು.

ಮೊದಲು ಕಾಣಿಸಿ ಕೆಲವು ನಿಮಿಷಗಳಾದ ಮೇಲೆ ಎಲ್ಲವೂ ಮಾಯವಾದರೆ ಗಣಕ ನಿದ್ರೆಗೆ ಸಂದಿದೆ. ಅದರ ನಿದ್ರೆಯ ಅವಧಿಯನ್ನು ಹೆಚ್ಚಿಸಬೇಕು. ವಿದ್ಯುತ್ತಿನ ಮಾತೂ ಇಲ್ಲಿ ಸಲ್ಲುತ್ತದೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು, ಅಂಬಿಕಾನಗರದ ಬಳಿ ನಾಗಝರಿ ವಿದ್ಯುದಾಗಾರ ಇರುವ ಸೀಮೆಯಾದರೂ, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದೀಪ ಆರಲೇಬೇಕು. ಆಗ ಬ್ಯಾಟರಿಯುಳ್ಳ ಗಣಕವೂ ಟ್ಯಾಬ್ಲೆಟ್ಟೂ ಎಚ್ಚರವಾಗಿದ್ದರೂ ನಡುವಣ ರೌಟರ್ ಸತ್ತಿರುತ್ತದೆ. ಫೋನಿನ ಹಾಟ್‌ಸ್ಪಾಟ್ ನೆರವಿಗೆ ಬರುವುದು ಇಂಥ ವೇಳೆಯಲ್ಲಿಯೇ.

ದೋಷವನ್ನು ಹುಡುಕುವ ಕ್ರಮ

ಹೇಳಿದುದನ್ನೆಲ್ಲ ಕ್ರಮವಾಗಿ ಜೋಡಿಸಿದರೆ ಹೀಗಾಗುತ್ತದೆ:

1. ರೌಟರಿನ ದೀಪ ಉರಿಯುತ್ತಿದೆಯೇ? ಗಣಕ ಎಚ್ಚರವಾಗಿದೆಯೇ?
2. ಎರಡು ಯಂತ್ರಗಳೂ ಒಂದೇ ಹೆಸರಿನ ವೈ-ಫೈಗೆ ಸೇರಿವೆಯೇ?
3. ಐ.ಪಿ. ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿವೆಯೇ? ಪಿಂಗ್‌ಗೆ ಉತ್ತರ ಬರುತ್ತದೆಯೇ?
4. ಎರಡನ್ನೂ ರೌಟರಿನ ಪಕ್ಕದಲ್ಲೇ ಇಟ್ಟಾಗ ಸರಿಹೋಗುವುದೇ? ಹಾಗಾದರೆ ದೋಷ ಅಲೆಯ ಹಾದಿಯಲ್ಲಿದೆ.
5. ಸಂಪರ್ಕ ಖಾಸಗಿಯೆಂದಿದೆಯೇ? ಫೋಲ್ಡರಿಗೆ ಅನುಮತಿ ಇದೆಯೇ?
6. ಒಂದು ಚಿಕ್ಕ ಜೆಪೆಗ್ ಚಿತ್ರ ತೆರೆಯುವುದೇ?

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಚಿತ್ರ ಬಂದರೂ ಏಕೆ ಬಂತೆಂಬುದು ತಿಳಿಯದು. ಮರುದಿನ ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಲೋಲಕದ ಉದ್ದವನ್ನು ಬದಲಿಸುವಾಗ ಆಂದೋಲನದ ವಿಸ್ತಾರವನ್ನು ಬದಲಿಸದೆ ಇಡುತ್ತೇವಲ್ಲವೇ? ಇದೂ ಅದೇ ನಿಯಮ.

ಇದನ್ನು ಪರೀಕ್ಷಿಸಬಯಸುವ ವಿದ್ಯಾರ್ಥಿಗಳು ಒಂದೇ ಚಿತ್ರವನ್ನು ರೌಟರಿನಿಂದ 3, 6, 12 ಮೀಟರುಗಳ ದೂರದಲ್ಲಿ, ಮೊದಲು ಬಯಲಿನಲ್ಲಿ, ಬಳಿಕ ಒಂದು ಗೋಡೆಯಾಚೆಯಲ್ಲಿ ತೆರೆದು, ಗಡಿಯಾರ ಹಿಡಿದು ಕಾಲವನ್ನು ಬರೆದಿಡಲಿ. ಪ್ರತಿ ಸ್ಥಾನದಲ್ಲೂ ಐದು ಸಲ ಅಳೆದು ಸರಾಸರಿ ತೆಗೆಯಲಿ. ನೋಡಿದ ಚಿತ್ರ ಟ್ಯಾಬ್ಲೆಟ್ಟಿನಲ್ಲಿ ಉಳಿದುಬಿಡುವುದರಿಂದ ಪ್ರತಿ ಸಲವೂ ಅಷ್ಟೇ ಗಾತ್ರದ ಬೇರೆ ಚಿತ್ರವನ್ನು ಬಳಸಲಿ. ಹಳಿಯಾಳದ ಹೆಂಚಿನ ಮನೆಯಲ್ಲಿ ಬಂದ ಫಲವನ್ನು ಮುಂಡಗೋಡದ ಕಾಂಕ್ರೀಟ್ ಕಟ್ಟಡದ ಫಲದೊಡನೆ, ವೈಶಾಖದ ಫಲವನ್ನು ಆಷಾಢದ ಫಲದೊಡನೆ ಹೋಲಿಸಿದರೆ ಅಲೆಯ ಸ್ವಭಾವ ಪುಸ್ತಕಕ್ಕಿಂತ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. "ನೆಟ್‌ವರ್ಕ್ ಇಲ್ಲ" ಎಂದು ಇನ್ನು ಮುಂದೆ ಯಾರಾದರೂ ಹೇಳಿದಾಗ, ಯಾವ ನೆಟ್‌ವರ್ಕ್, ಯಾವ ಮೆಟ್ಟಿಲಿನಲ್ಲಿ ಇಲ್ಲ ಎಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಲಿ.