ಕಡಚಲು ಕೆಲಸದಲ್ಲಿ ಒಳತೋಡು: ಉಳಿಯ ಆಯ್ಕೆ, ಆಸರೆಯ ಆಯ್ಕೆ ಮತ್ತು ದೇಹರಕ್ಷಣೆ

ಕನ್ನಡನಾಡಿಗೂ ಕಡಚಲು ಕೆಲಸಕ್ಕೂ ಇರುವ ನಂಟು ಬಹಳ ಹಳೆಯದು. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದೊಳಗೆ ನಿಂತು ನೋಡಿದವರು ಅಲ್ಲಿನ ಬಳಪದ ಕಲ್ಲಿನ ದುಂಡು ಕಂಬಗಳನ್ನು ಮರೆಯಲಾರರು. ಅವು ತಿರುಗುತ್ತಿರುವಾಗಲೇ ಉಳಿ ಹಿಡಿದು ಕಡೆದ ಕಂಬಗಳೆಂದು ಕಲಾಚರಿತ್ರಕಾರರು ಹೇಳುತ್ತಾರೆ. ಬೆಂಗಳೂರು ಮೈಸೂರುಗಳ ನಡುವಣ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅದು ತಿರುಗುತ್ತಿರುವಂತೆಯೇ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಯಿಂದಲೇ ಬಣ್ಣವೇರಿಸುವ ಕಲೆ ಇಂದಿಗೂ ಜೀವಂತವಾಗಿದೆ. ಪರನಾಡಿನಲ್ಲಿ ನೆಲೆಸಿದ ನಮ್ಮವರಿಗೂ ಈ ಕಲೆ ದೂರದ್ದಲ್ಲ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿಯೂ ಆಂಧ್ರಪ್ರದೇಶದ ಏಟಿಕೊಪ್ಪಾಕದಲ್ಲಿಯೂ ಇದರ ಸೋದರ ಕಲೆಗಳು ಬಾಳುತ್ತಿವೆ.

ನಿವೃತ್ತಿಯ ತರುವಾಯ ಮನಸ್ಸಿಗೆ ಮುದವನ್ನೂ ಕೈಗೆ ಕೆಲಸವನ್ನೂ ಕೊಡುವ ಹವ್ಯಾಸವಾಗಿ ಅನೇಕರು ಮರದ ಲೇತನ್ನು ಕೊಳ್ಳುತ್ತಿದ್ದಾರೆ. ಲಟ್ಟಣಿಗೆ, ಬುಗುರಿ, ಮೇಜಿನ ಕಾಲು ಇವುಗಳನ್ನು ಕಡೆಯುವುದು ಬೇಗ ಕೈಗೆ ಹತ್ತುತ್ತದೆ. ಆದರೆ ಕುಂಕುಮದ ಭರಣಿ, ಹೂದಾನಿ, ಕಿರುಬಾಯಿಯ ಕಲಶ ಮುಂತಾದವುಗಳ ಒಳಭಾಗವನ್ನು ತೋಡುವುದು ಬೇರೆಯೇ ವಿದ್ಯೆ. ಅಲ್ಲಿ ಉಳಿಯ ಮೊನೆ ಕಣ್ಣಿಗೆ ಕಾಣದು; ಅಪಾಯವೂ ಕಾಣದು. ಉಳಿಯನ್ನೂ ಆಸರೆಯನ್ನೂ ತಿಳಿದು ಆರಿಸಿಕೊಳ್ಳದಿದ್ದರೆ ಹಣವಷ್ಟೇ ಅಲ್ಲ, ಬೆರಳು, ಕಣ್ಣು, ಶ್ವಾಸಕೋಶಗಳೂ ನಷ್ಟಕ್ಕೆ ಗುರಿಯಾಗುತ್ತವೆ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರ ಮಾಡೋಣ.

ಸನ್ನೆಗೋಲಿನ ಲೆಕ್ಕ

ಲೋಹದ ಲೇತಿನಲ್ಲಿ ದುಡಿದವರಿಗೆ ಬೋರಿಂಗ್ ಬಾರ್ ಚಿರಪರಿಚಿತ. ಅಲ್ಲಿ ಉಳಿಯನ್ನು ಯಂತ್ರವೇ ಬಿಗಿಯಾಗಿ ಹಿಡಿದಿರುತ್ತದೆ. ಮರದ ಲೇತಿನಲ್ಲಿ ಅದನ್ನು ಹಿಡಿಯತಕ್ಕದ್ದು ಮನುಷ್ಯನ ಕೈ. ಉಳಿಯು ಟೂಲ್ ರೆಸ್ಟಿನ ಮೇಲೆ ಕುಳಿತಾಗ ಅದೊಂದು ಸನ್ನೆಗೋಲಾಗುತ್ತದೆ. ರೆಸ್ಟೇ ಅದರ ಆಧಾರಬಿಂದು. ರೆಸ್ಟಿನಿಂದ ಮುಂದಕ್ಕೆ ಚಾಚಿದ ಭಾಗವನ್ನು ಮರವು ಕೆಳಕ್ಕೆ ಒತ್ತುತ್ತದೆ; ಹಿಂದಿನ ಹಿಡಿಯನ್ನು ನಾವು ತಡೆದು ಹಿಡಿಯುತ್ತೇವೆ.

ಒಂದು ಉದಾಹರಣೆಯನ್ನು ನೋಡಿ. ಮೊನೆಯ ಮೇಲೆ 10 ಕಿಲೋಗ್ರಾಂ ಭಾರದಷ್ಟು ಒತ್ತಡ ಬೀಳುತ್ತಿದೆಯೆನ್ನಿ. ಮುಂಚಾಚು 3 ಅಂಗುಲವಿದ್ದು, ರೆಸ್ಟಿನಿಂದ 15 ಅಂಗುಲ ಹಿಂದೆ ಕೈಯಿದ್ದರೆ, ಕೈಗೆ ಬೀಳುವುದು 2 ಕಿಲೋಗ್ರಾಂ ಮಾತ್ರ. ಅದೇ ಹಿಡಿಯಿಂದ 10 ಅಂಗುಲ ಆಳಕ್ಕೆ ಹೋದಾಗ, ಕೈಯು ರೆಸ್ಟಿಗೆ 20 ಅಂಗುಲ ಹಿಂದಿದ್ದರೂ, 5 ಕಿಲೋಗ್ರಾಂ ಬೀಳುತ್ತದೆ. ಮೊನೆಯು ಹಠಾತ್ತಾಗಿ ಮರಕ್ಕೆ ಕಚ್ಚಿಕೊಂಡರೆ ಆ ಹೊಡೆತ ಇದರ ಹಲವು ಪಟ್ಟು. ಮಣಿಕಟ್ಟು, ಮೊಣಕೈ, ಭುಜಗಳ ನೋವು ಅನೇಕ ಸಾರಿ ಹುಟ್ಟುವುದು ಇಲ್ಲಿಂದಲೇ. ಮುಂಚಾಚಿಗಿಂತ ಹಿಂದಿನ ಹಿಡಿ ಮೂರರಿಂದ ಐದು ಪಟ್ಟು ಉದ್ದವಿರಲೆಂದು ಅನುಭವಿಗಳು ಹೇಳುವುದು ಈ ಕಾರಣದಿಂದ.

ಎರಡನೆಯ ಲೆಕ್ಕ ಉಳಿಯ ಬಾಗುವಿಕೆಗೆ ಸಂಬಂಧಿಸಿದ್ದು. ದುಂಡು ಕಂಬಿಯೊಂದರ ಮುಂಚಾಚು ಇಮ್ಮಡಿಯಾದರೆ ಅದು ಬಾಗುವುದು ಎಂಟು ಪಟ್ಟು. ಆದರೆ ದಪ್ಪವನ್ನು ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲಕ್ಕೆ ಏರಿಸಿದರೆ ಗಡಸುತನ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಬಾಗುವ ಉಳಿಯು ಕಂಪಿಸುತ್ತದೆ. ಕಂಪಿಸುವ ಉಳಿಯು ಕಚ್ಚಿಕೊಳ್ಳುತ್ತದೆ. ಆಳ ಹೆಚ್ಚಿದಂತೆ ದಪ್ಪವೂ ಹೆಚ್ಚಬೇಕೆಂಬುದೇ ಆಯ್ಕೆಯ ಮೊದಲ ಸೂತ್ರ. ಅರ್ಧ ಅಂಗುಲದ ಕಂಬಿ ಸುಮಾರು 4 ಅಂಗುಲ ಆಳಕ್ಕೂ, ಮುಕ್ಕಾಲು ಅಂಗುಲದ ಕಂಬಿ ಸುಮಾರು 10 ಅಂಗುಲ ಆಳಕ್ಕೂ ಸಾಕೆಂದು ಸ್ಥೂಲವಾಗಿ ಎಣಿಸಬಹುದು.

ಉಳಿಗಳ ಬಗೆಗಳು

ಒಳತೋಡಿನ ಉಳಿಗಳನ್ನು ಆಕಾರದಿಂದ ಎರಡಾಗಿ ವಿಂಗಡಿಸಬಹುದು: ನೇರವಾದವು, ಬಾಗಿದವು. ಬಾಯಿಯಿಂದ ನೇರವಾಗಿ ತಲುಪಬಹುದಾದ ಜಾಗಕ್ಕೆಲ್ಲ ನೇರ ಉಳಿಯೇ ಉತ್ತಮ. ಕಿರುಬಾಯಿಯ ಪಾತ್ರೆಯ ಹೆಗಲಿನ ಒಳಮಗ್ಗುಲಿಗೆ ಮಾತ್ರ ಬಾಗಿದ ಉಳಿ ಅಗತ್ಯ. ಬಾಗಿದ ಉಳಿಯ ಮೊನೆ ಕಂಬಿಯ ನಡುರೇಖೆಯಿಂದ ಪಕ್ಕಕ್ಕೆ ಸರಿದಿರುವುದರಿಂದ ಮರದ ಒತ್ತಡ ಅದನ್ನು ತಿರುಚಲು ಯತ್ನಿಸುತ್ತದೆ. ಬಾಗಿದ ಭಾಗವನ್ನು ಎಂದೂ ರೆಸ್ಟಿನ ಮೇಲೆ ಇರಿಸಬಾರದು. ಅದರ ಹಿಂದಿನ ನೇರ ಭಾಗವೇ ಅಲ್ಲಿ ಕೂರಬೇಕು. ಈ ಒಂದು ನಿಯಮವನ್ನು ಪಾಲಿಸಿದರೆ ಅರ್ಧ ಅಪಾಯ ಕಳೆದಂತೆಯೇ. ಕಿರುಬಾಯಿಯ ಪಾತ್ರೆಗಳ ಒಳತೋಡನ್ನೂ ಅದಕ್ಕೊಪ್ಪುವ ಬಾಗಿದ ಉಳಿಗಳನ್ನೂ 1970ರ ದಶಕದಲ್ಲಿ ಪ್ರಸಿದ್ಧಿಗೆ ತಂದವರಲ್ಲಿ ಅಮೆರಿಕದ ಡೇವಿಡ್ ಎಲ್ಸ್‌ವರ್ತ್ ಪ್ರಮುಖರು. 1986ರಲ್ಲಿ ಸ್ಥಾಪಿತವಾದ ಅಮೆರಿಕದ ಕಡಚಲುಗಾರರ ಸಂಘದ ಮೊದಲ ಅಧ್ಯಕ್ಷರೂ ಅವರೇ.

ಇನ್ನು ಮೊನೆಯ ವಿಚಾರ. ಹೈಸ್ಪೀಡ್ ಉಕ್ಕಿನ ಚಿಕ್ಕ ತುಂಡನ್ನು ಕಂಬಿಯ ತುದಿಯಲ್ಲಿ ಕೂರಿಸಿದ ಹೆರೆಯುವ ಮೊನೆ ಅಗ್ಗದ್ದು, ಸಾಣೆ ಹಿಡಿಯಲು ಸುಲಭ, ಹೊಸಬರಿಗೆ ಅನುಕೂಲ. ಮೊನೆ ಚಿಕ್ಕದಾದಷ್ಟೂ ಅದು ಒಮ್ಮೆಗೆ ಕೀಳುವ ಮರವೂ ಕಡಿಮೆ, ಕೈಗೆ ಬೀಳುವ ಹೊಡೆತವೂ ಕಡಿಮೆ. ದುಂಡು ಕಾರ್ಬೈಡ್ ಮೊನೆಗೆ ಸಾಣೆಯ ತೊಂದರೆಯಿಲ್ಲ. ಒಂದು ಬದಿ ಮೊಂಡಾದರೆ ತುಸು ತಿರುಗಿಸಿ ಹೊಸ ಅಂಚನ್ನು ಮುಂದೆ ತರಬಹುದು. ಆದರೆ ಅದು ಅಗಲವಾದುದರಿಂದ ಇಡೀ ಅಂಚನ್ನು ಒಮ್ಮೆಗೆ ಒತ್ತಬಾರದು. ಉಂಗುರ ಅಥವಾ ಕೊಕ್ಕೆಯಂತಿರುವ ಮೊನೆಗಳು ಮರವನ್ನು ಹೆರೆಯದೆ ಕತ್ತರಿಸುತ್ತವೆ. ಹಸಿಮರದಲ್ಲಿ ನುಣುಪಾಗಿ ಓಡುತ್ತವೆ. ಅವು ಕಚ್ಚಿಕೊಳ್ಳುವುದೂ ಅಷ್ಟೇ ಬೇಗ. ಅನುಭವ ಬಂದ ಮೇಲೆಯೇ ಅವುಗಳ ಸಹವಾಸ ಲೇಸು.

ಹಿಡಿಯ ಹಿಂಭಾಗವನ್ನು ಲೇತಿನ ಬೆಡ್ಡಿನ ಮೇಲಿನ ಚೌಕಟ್ಟಿನೊಳಗೆ ಸೆರೆಹಿಡಿಯುವ ಏರ್ಪಾಡುಗಳೂ, ಕೀಲುಗಳುಳ್ಳ ತೋಳಿನ ಏರ್ಪಾಡುಗಳೂ ಉಂಟು. ಇವುಗಳಲ್ಲಿ ತಿರುಚುವ ಬಲವನ್ನು ಚೌಕಟ್ಟೇ ನುಂಗಿಕೊಳ್ಳುತ್ತದೆ. ಕೈಯ ಕೆಲಸ ಉಳಿಯನ್ನು ನಡೆಸುವುದಷ್ಟೆ. ಬೆಲೆ ಹೆಚ್ಚು, ಜಾಗವೂ ಹೆಚ್ಚು ಬೇಕು. ಆದರೂ ಮೊಣಕೈ ಅಥವಾ ಭುಜದ ನೋವುಳ್ಳವರು 8 ಅಂಗುಲಕ್ಕಿಂತ ಆಳಕ್ಕೆ ಹೋಗಬೇಕೆಂದರೆ ಇದನ್ನು ಕೊಳ್ಳುವುದು ದುಂದುವೆಚ್ಚವಾಗದು.

ಮೊನೆಯ ಎತ್ತರ

ಹೊರಮೈಯನ್ನು ಹೆರೆಯುವಾಗ ಮೊನೆಯು ತಿರುಗುವ ನಡುರೇಖೆಯ ಮಟ್ಟದಲ್ಲೋ ಸ್ವಲ್ಪ ಕೆಳಗೋ ಇರಬೇಕು. ಒಳಮೈಯಲ್ಲಿ ಇದು ತಿರುವುಮುರುವು: ಮೊನೆ ನಡುಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಕಾರಣ ಸರಳ. ಮರದ ಒತ್ತಡದಿಂದ ಮೊನೆ ಕೆಳಕ್ಕೆ ಬಾಗಿದಾಗ, ಮೇಲಿದ್ದ ಮೊನೆಯು ನಡುಮಟ್ಟದ ಬಯಲಿಗೆ ಇಳಿದು ಮರದಿಂದ ಬಿಡಿಸಿಕೊಳ್ಳುತ್ತದೆ. ಮೊದಲೇ ನಡುಮಟ್ಟಕ್ಕಿಂತ ಕೆಳಗಿದ್ದರೆ, ಬಾಗಿದಷ್ಟೂ ಗೋಡೆಯೊಳಕ್ಕೆ ಹೂತುಕೊಳ್ಳುತ್ತದೆ. ಉದ್ದನೆಯ ಉಳಿ ಹೆಚ್ಚು ಬಾಗುವುದರಿಂದ ಅದಕ್ಕೆ ತಕ್ಕಂತೆ ರೆಸ್ಟನ್ನು ತುಸು ಏರಿಸಬೇಕು.

ನಾರು ನಡುರೇಖೆಯ ಉದ್ದಕ್ಕೂ ಹರಿದಿರುವ ಮರದಲ್ಲಿ ಮೊದಲು ನಡುವೆ ಬೈರಿಗೆಯಿಂದ ಬೇಕಾದ ಆಳಕ್ಕೆ ರಂಧ್ರ ಕೊರೆದು, ಅಲ್ಲಿಂದ ಹೊರಗೋಡೆಯ ಕಡೆಗೆ ತೋಡುತ್ತ ಬರಬೇಕು. ನಾರು ಅಡ್ಡಲಾಗಿರುವ ಬಟ್ಟಲಿನ ಮರದಲ್ಲಾದರೋ ಅಂಚಿನಿಂದ ನಡುವಿಗೆ ಹೋಗಬೇಕು. ಬಾಯಿಯ ಬಳಿಯ ಗೋಡೆಯನ್ನು ಮೊದಲು ಕೊನೆಯ ತೆಳುವಿಗೆ ತಂದು, ಅನಂತರ ಹಂತಹಂತವಾಗಿ ಕೆಳಗಿಳಿಯತಕ್ಕದ್ದು. ಅಡಿಯಲ್ಲಿ ಉಳಿದ ದಪ್ಪ ಮರವೇ ಮೇಲಿನ ಗೋಡೆಗೆ ಬಲ.

ಸ್ಟೆಡಿ ರೆಸ್ಟ್ ಎಂಬ ಆಸರೆ

ಉದ್ದನೆಯ ಮರವನ್ನು ಒಂದೇ ತುದಿಯಲ್ಲಿ ಚಕ್ಕಿನಿಂದ ಹಿಡಿದು ಒಳಗೆ ತೋಡುವಾಗ, ಇನ್ನೊಂದು ತುದಿ ಆಸರೆಯಿಲ್ಲದೆ ಓಲಾಡುತ್ತದೆ. ಟೇಲ್‌ಸ್ಟಾಕನ್ನು ಅಲ್ಲಿ ಇರಿಸುವಂತಿಲ್ಲ, ಏಕೆಂದರೆ ಉಳಿ ಹೋಗಬೇಕಾದ ದಾರಿ ಅದೇ. ಇಂಥಲ್ಲಿ ಮರದ ಹೊರಮೈಯನ್ನು ಸುತ್ತಲಿನಿಂದ ಹಿಡಿಯುವ ಚೌಕಟ್ಟೇ ಸ್ಟೆಡಿ ರೆಸ್ಟ್. ಚಕ್ಕು ಹಿಡಿದಿರುವ ಭಾಗದ ವ್ಯಾಸಕ್ಕಿಂತ ಮರದ ಉದ್ದ ಎರಡು ಮೂರು ಪಟ್ಟು ಮೀರಿದರೆ ಇದರ ಅಗತ್ಯ ಬಂತೆಂದೇ ತಿಳಿಯಬೇಕು.

ಕೊಳ್ಳುವಾಗ ನಾಲ್ಕು ಸಂಗತಿಗಳನ್ನು ನೋಡಿರಿ. ಒಂದು, ಚೌಕಟ್ಟಿನ ಒಳಬಯಲು ನಿಮ್ಮ ಅತಿ ದೊಡ್ಡ ಪಾತ್ರೆಗಿಂತ ವಿಶಾಲವಾಗಿರಬೇಕು. ಎರಡು, ಅದರ ಪಾದ ನಿಮ್ಮ ಲೇತಿನ ಬೆಡ್ಡಿಗೆ ಅಲುಗದಂತೆ ಬಿಗಿಯುವಂತಿರಬೇಕು. ಮೂರು, ಸಮಾನ ಅಂತರದಲ್ಲಿ ಕನಿಷ್ಠ ಮೂರು ಗಾಲಿಗಳಿರಬೇಕು. ನಾಲ್ಕು, ಗಾಲಿಗಳು ಮರವನ್ನು ಗಾಯಗೊಳಿಸದ ವಸ್ತುವಿನಿಂದ ಆಗಿರಬೇಕು. ಸ್ಕೇಟಿಂಗ್ ಚಕ್ರಗಳು ಇದಕ್ಕೆ ಬಹು ಚೆನ್ನಾಗಿ ಒದಗುತ್ತವೆ. ಅವುಗಳೊಳಗಿನ 608 ಅಂಕಿತದ ಬೇರಿಂಗು 8 ಮಿಲಿಮೀಟರ್ ಬೋಲ್ಟಿನ ಮೇಲೆ ಕೂರುತ್ತದೆ. 18 ಮಿಲಿಮೀಟರ್ ಪ್ಲೈವುಡ್ಡಿನಿಂದ ಚೌಕಟ್ಟು ಕೊಯ್ದು, ಹಿಂದೆ ಮುಂದೆ ಸರಿಯುವ ಮೂರು ತೋಳುಗಳಿಗೆ ಈ ಚಕ್ರಗಳನ್ನು ಜೋಡಿಸಿ ಮನೆಯಲ್ಲೇ ಇದನ್ನು ಮಾಡಿಕೊಂಡವರು ಬಹಳ ಮಂದಿ.

ಕೂರಿಸುವ ಕ್ರಮ ಮುಖ್ಯ. ಟೇಲ್‌ಸ್ಟಾಕಿನ ಆಸರೆಯಿರುವಾಗಲೇ ಹೊರಮೈಯನ್ನು ದುಂಡಗೆ ಕಡೆದುಕೊಳ್ಳಬೇಕು. ಗಾಲಿಗಳು ಓಡುವ ಪಟ್ಟಿ ತುಸುವೂ ಕೊಂಕಿಲ್ಲದೆ ದುಂಡಗಿರಬೇಕು. ಟೇಲ್‌ಸ್ಟಾಕನ್ನು ತೆಗೆಯದೆಯೇ ಗಾಲಿಗಳನ್ನು ಒಂದೊಂದಾಗಿ ಮರಕ್ಕೆ ತಾಕಿಸಿ, ಕೈಯಿಂದ ಮರವನ್ನು ತಿರುಗಿಸಿ, ಮೂರೂ ಗಾಲಿ ಹಗುರವಾಗಿ ಉರುಳುವುದನ್ನು ಕಂಡ ಮೇಲೆ ತಿರುಪುಗಳನ್ನು ಬಿಗಿಯಬೇಕು. ಆಮೇಲೆ ಟೇಲ್‌ಸ್ಟಾಕನ್ನು ಹಿಂದೆ ಸರಿಸುವುದು. ಗಾಲಿಯನ್ನು ಬಲವಂತವಾಗಿ ಒತ್ತಿದರೆ ಮರ ನಡುರೇಖೆಯಿಂದ ಜರುಗುತ್ತದೆ, ಮೈ ಕಾದು ಕಪ್ಪಾಗುತ್ತದೆ. ಹಸಿಮರ ಕೆಲವೇ ಗಂಟೆಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುವುದುಂಟು. ಕೆಲಸ ಮರುದಿನಕ್ಕೆ ಉಳಿದರೆ ಪಟ್ಟಿಯನ್ನು ಮತ್ತೆ ದುಂಡಗೆ ಮಾಡಿಕೊಳ್ಳದೆ ಯಂತ್ರ ಓಡಿಸಬೇಡಿರಿ.

ಒಂದು ಎಚ್ಚರಿಕೆ: ಈ ಆಸರೆ ಮರದ ಓಲಾಟವನ್ನು ತಡೆಯುತ್ತದೆಯೇ ಹೊರತು ಸಡಿಲವಾದ ಚಕ್ಕಿನ ಹಿಡಿತವನ್ನು ಗಟ್ಟಿ ಮಾಡುವುದಿಲ್ಲ. ಬುಡದ ಹಿಡಿತ ದುರ್ಬಲವಾಗಿದ್ದರೆ, ಅಥವಾ ಮರದಲ್ಲಿ ಸೀಳು ಕಂಡರೆ, ಸ್ಟೆಡಿ ರೆಸ್ಟನ್ನು ನಂಬಿ ಮುಂದುವರಿಯಲಾಗದು.

ವೇಗ

ಮರದ ವ್ಯಾಸವನ್ನು ಅಂಗುಲಗಳಲ್ಲಿ ಎಣಿಸಿ, ನಿಮಿಷಕ್ಕೆ ತಿರುಗುವ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕೆಂಬುದು ರೂಢಿಯ ಲೆಕ್ಕ. 6 ಅಂಗುಲದ ಮರಕ್ಕೆ ಇದು 1000ದಿಂದ 1500 ಸುತ್ತು. 1000 ಸುತ್ತಿನಲ್ಲಿಯೇ ಆ ಮರದ ಹೊರಮೈ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಒಳತೋಡಿಗೆ ಈ ಲೆಕ್ಕದ ಕೆಳಮಿತಿಯೇ ಸಾಕು. ಸಮತೂಕವಿಲ್ಲದ ಮರಕ್ಕೆ ಅದಕ್ಕಿಂತಲೂ ಕಡಿಮೆ ವೇಗದಿಂದ ಆರಂಭಿಸಬೇಕು.

ದೇಹರಕ್ಷಣೆ

ಮರದ ಧೂಳನ್ನು ಅನೇಕರು ನಿರುಪದ್ರವಿಯೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಒಳಭಾಗ ಹಾಗೂ ಅದರ ಸುತ್ತಣ ಕುಹರಗಳಿಗೆ ಇದರಿಂದ ಅಪಾಯ. ವರ್ಷಗಟ್ಟಲೆ ಧೂಳಿನಲ್ಲಿ ದುಡಿಯುವವರಿಗೆ ಈ ಅಪಾಯ ಹೆಚ್ಚೆಂಬುದು ನಿಜ. ಆದರೆ ಮುಚ್ಚಿದ ಬಾಲ್ಕನಿಯಲ್ಲಿ ಕೆಲಸ ಮಾಡುವ ಹವ್ಯಾಸಿಯೂ ಅಸಡ್ಡೆ ತೋರಬಾರದು. ಬೀಟೆ, ತೇಗಗಳ ಧೂಳು ಕೆಲವರ ಚರ್ಮಕ್ಕೆ ತುರಿಕೆಯನ್ನೂ, ಉಬ್ಬಸವುಳ್ಳವರಿಗೆ ಉಸಿರಾಟದ ತೊಂದರೆಯನ್ನೂ ತರಬಲ್ಲದು. ಅತಿ ಸೂಕ್ಷ್ಮ ಧೂಳು ಏಳುವುದು ಉಪ್ಪುಕಾಗದದಿಂದ ಉಜ್ಜುವಾಗ. ಬಾಯಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲಾರದು. ಎನ್-95 ದರ್ಜೆಯ ಮುಖಗವಸು ಮುಖಕ್ಕೆ ಬಿಗಿಯಾಗಿ ಕೂರುವಂತಿರಬೇಕು.

ಕನ್ನಡಕವಿದ್ದವರೂ ಮುಖವಿಡೀ ಮುಚ್ಚುವ ಪಾರದರ್ಶಕ ಫಲಕವನ್ನು ಧರಿಸಬೇಕು. ಜುಬ್ಬಾದ ತೋಳು, ಸೆರಗು, ದುಪಟ್ಟಾ, ಬಿಚ್ಚಿದ ಕೂದಲು, ಉಂಗುರ, ಬಳೆ, ಕೈಗಡಿಯಾರ ಯಾವುದೂ ತಿರುಗುವ ಮರದ ಬಳಿ ಸುಳಿಯಬಾರದು. ಕೈಗವಸು ರಕ್ಷಣೆಯಲ್ಲ, ಅದು ಸಿಕ್ಕಿಕೊಂಡು ಕೈಯನ್ನೇ ಎಳೆದೊಯ್ಯುತ್ತದೆ. ಕಿರುಬಾಯಿಯೊಳಗೆ ಬೆರಳಿಟ್ಟು ಉಜ್ಜುವುದು ಅತ್ಯಂತ ಅಪಾಯಕರ. ಕೋಲಿನ ತುದಿಗೆ ಉಪ್ಪುಕಾಗದ ಸುತ್ತಿ ಬಳಸಿರಿ. ಒಳಗೆ ತುಂಬಿದ ಹೆರೆಪುಡಿಯನ್ನು ಯಂತ್ರ ಪೂರ್ತಿ ನಿಂತ ಮೇಲೆ ಉದ್ದ ಹಿಡಿಯ ಚಮಚದಿಂದ ತೆಗೆಯಿರಿ. ಗೋಡೆಯ ದಪ್ಪವನ್ನು ಅಳೆಯುವುದೂ ಆಗಲೇ.

ತಿರುಗುವ ನಡುರೇಖೆ ಮೊಣಕೈಯ ಎತ್ತರಕ್ಕಿದ್ದರೆ ಬೆನ್ನು ಬಾಗದು. ಉಳಿಯನ್ನು ಬೆರಳುಗಳಿಂದ ಹಿಂಡದೆ ಹಿಡಿಯನ್ನು ಮೈಗೆ ಒತ್ತಿಕೊಂಡರೆ ಕಂಪನ ಹಂಚಿಹೋಗುತ್ತದೆ. ಬೆರಳುಗಳಲ್ಲಿ ಜೋಮು ಕಂಡರೆ ಅಂದಿನ ಕೆಲಸ ನಿಲ್ಲಿಸತಕ್ಕದ್ದು. ಮಧುಮೇಹದಿಂದ ಕೈಯ ಸ್ಪರ್ಶಜ್ಞಾನ ಕುಂದಿದವರು ವೈದ್ಯರ ಸಲಹೆ ಪಡೆಯದೆ ಆಳದ ಒಳತೋಡಿಗೆ ಕೈಹಾಕದಿರುವುದು ಕ್ಷೇಮ, ಏಕೆಂದರೆ ಕಣ್ಣಿಗೆ ಕಾಣದ ಮೊನೆಯ ಸುದ್ದಿಯನ್ನು ತಿಳಿಸುವುದು ಬೆರಳುಗಳೇ.

ಆರಂಭಿಸುವವರಿಗೆ

ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಿಲ್ಲ. ಮೊದಲ ತಿಂಗಳುಗಳಲ್ಲಿ ಎರಡು ಮೂರು ಅಂಗುಲ ಆಳದ ಅಗಲಬಾಯಿಯ ಭರಣಿಗಳನ್ನು ಕಡೆಯಿರಿ. ದಪ್ಪನೆಯ ಹೆರೆಯುಳಿಯೊಂದು ಸಾಕು. ಬಳಿಕ ಚಿಕ್ಕ ಮೊನೆಯ ನೇರ ಉಳಿ, ಅದರ ಹಿಂದೆ ಸ್ಟೆಡಿ ರೆಸ್ಟ್, ಕೊನೆಗೆ ಬಾಗಿದ ಉಳಿ: ಇದೇ ಕ್ರಮ. ಬಾಗಿದ ಉಳಿಗೆ ಮುಂಚೆ ಸ್ಟೆಡಿ ರೆಸ್ಟ್ ಬರಲಿ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಮುಖದ ಫಲಕ ಮತ್ತು ಮುಖಗವಸುಗಳಾದರೋ ಲೇತಿನ ಜೊತೆಯಲ್ಲೇ ಮನೆಗೆ ಬರಬೇಕಾದವು.

ಮೊನೆ ಹರಿತವಾಗಿರಲಿ, ಮುಂಚಾಚು ಕಿರಿದಾಗಿರಲಿ, ಅವಸರ ದೂರವಿರಲಿ. ಇಷ್ಟನ್ನು ಪಾಲಿಸಿದವರ ಮನೆಯ ದೇವರ ಗೂಡಿನಲ್ಲಿ ಸ್ವಂತ ಕೈಯಿಂದ ಕಡೆದ ಕುಂಕುಮದ ಭರಣಿಯೊಂದು ಶೋಭಿಸುವುದರಲ್ಲಿ ಸಂದೇಹವಿಲ್ಲ.