ಹೇಳದೇ ಬಿಟ್ಟ ಮಾತು: ಅಸಂಪ್ಷನ್ ಪ್ರಶ್ನೆ ಬಿಡಿಸೋದು ಹೇಗೆ?

ಪ್ಲೇಸ್‌ಮೆಂಟ್‌ನ ಆಪ್ಟಿಟ್ಯೂಡ್ ಟೆಸ್ಟ್ ಇರಲಿ, ಬ್ಯಾಂಕ್ ಪರೀಕ್ಷೆ ಇರಲಿ, ಲಾಜಿಕಲ್ ರೀಸನಿಂಗ್ ಇದ್ದೇ ಇರುತ್ತದೆ. ಗೇಟ್‌ನಲ್ಲಂತೂ 100 ಅಂಕಗಳಲ್ಲಿ 15 ಅಂಕ ಜನರಲ್ ಆಪ್ಟಿಟ್ಯೂಡ್‌ಗೇ ಮೀಸಲು. ಇದರಲ್ಲಿ ಹಲವರನ್ನು ಕಾಡುವುದು ಅಸಂಪ್ಷನ್ ಪ್ರಶ್ನೆ. 'ಎರಡು ಆಪ್ಷನ್ ಸರಿ ಅನ್ನಿಸ್ತಾವಲ್ಲ, ಯಾವುದನ್ನ ಹಾಕೋದು?' ಅನ್ನುವ ಮಾತು ಪ್ರತಿ ಟೆಸ್ಟ್ ಮುಗಿದ ಮೇಲೂ ಕೇಳುತ್ತೇವೆ. ಇದಕ್ಕೆ ಸೂತ್ರ ಇಲ್ಲ, ಆದರೆ ಒಂದು ಪರೀಕ್ಷೆ ಇದೆ. ಅದನ್ನು ನಮ್ಮ ಕೊಪ್ಪಳ ಸೀಮೆಯ ಉದಾಹರಣೆಗಳ ಮೇಲೇ ಮಾಡಿ ನೋಡೋಣ.

ಅಗತ್ಯ ಊಹೆ ಅಂದರೇನು?

ಯಾವುದೇ ವಾದದಲ್ಲಿ ಎರಡು ಭಾಗ ಕಣ್ಣಿಗೆ ಕಾಣುತ್ತವೆ: ಕಾರಣ ಮತ್ತು ತೀರ್ಮಾನ. ಕಾಣದ ಮೂರನೆಯದೊಂದು ಇರುತ್ತದೆ. ವಾದ ಮಾಡುವವನು ಅದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೆ ಅದು ನಿಜವಲ್ಲದಿದ್ದರೆ ಅವನ ಕಾರಣಕ್ಕೂ ತೀರ್ಮಾನಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಅದೇ ಅಗತ್ಯ ಊಹೆ.

ಹಾಗಾದರೆ ಪರೀಕ್ಷೆ ಯಾವುದು? ಆಪ್ಷನ್ ಅನ್ನು ಉಲ್ಟಾ ಮಾಡಿ ವಾದದ ಒಳಗೆ ಇಡಿ. ವಾದ ಬಿದ್ದರೆ ಅದೇ ಉತ್ತರ. ನಿಂತರೆ ಆ ಆಪ್ಷನ್ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.

ಮೊದಲ ಪ್ರಶ್ನೆ

'ಕುಷ್ಟಗಿಯಿಂದ ಕೊಪ್ಪಳಕ್ಕೆ ಬರುವ ಕೆಲವು ವಿದ್ಯಾರ್ಥಿಗಳು ದಿನಾ ಮೊದಲ ಪೀರಿಯಡ್ ತಪ್ಪಿಸಿಕೊಳ್ಳುತ್ತಿದ್ದಾರೆ. ಆದ್ದರಿಂದ ಬೆಳಗ್ಗೆ ಇನ್ನೊಂದು ಬಸ್ ಬಿಟ್ಟರೆ ಅವರ ಹಾಜರಾತಿ ಸುಧಾರಿಸುತ್ತದೆ.'

ಅ) ಕುಷ್ಟಗಿಯ ವಿದ್ಯಾರ್ಥಿಗಳೆಲ್ಲ ಬಸ್ಸಿನಲ್ಲೇ ಬರುತ್ತಾರೆ.
ಆ) ಮೊದಲ ಪೀರಿಯಡ್ ತಪ್ಪಿಸಿಕೊಳ್ಳುವವರಲ್ಲಿ ಕೆಲವರಾದರೂ ಆ ಹೊಸ ಬಸ್ ಹತ್ತುತ್ತಾರೆ.
ಇ) ಬೈಕಿಗಿಂತ ಬಸ್ ಪ್ರಯಾಣ ಸುರಕ್ಷಿತ.
ಈ) ಹೊಸ ಬಸ್ ಹತ್ತಿದವರು ಒಂದು ದಿನವೂ ಮೊದಲ ಪೀರಿಯಡ್ ತಪ್ಪಿಸುವುದಿಲ್ಲ.

ಒಂದೊಂದಾಗಿ ಉಲ್ಟಾ ಮಾಡೋಣ. 'ಅ' ಉಲ್ಟಾ ಮಾಡಿದರೆ 'ಎಲ್ಲರೂ ಬಸ್ಸಿನಲ್ಲಿ ಬರುವುದಿಲ್ಲ' ಅಂತ ಆಗುತ್ತದೆ. ಒಬ್ಬಿಬ್ಬರು ಬೈಕಿನಲ್ಲಿ ಬಂದರೂ ವಾದಕ್ಕೆ ಏನೂ ಆಗುವುದಿಲ್ಲ. 'ಇ' ಸುರಕ್ಷತೆಯ ಮಾತು, ಹಾಜರಾತಿಗೂ ಅದಕ್ಕೂ ಸಂಬಂಧ ಇಲ್ಲ. 'ಆ' ಉಲ್ಟಾ ಮಾಡಿದರೆ 'ಅವರಲ್ಲಿ ಒಬ್ಬರೂ ಹೊಸ ಬಸ್ ಹತ್ತುವುದಿಲ್ಲ'. ಹಾಗಿದ್ದ ಮೇಲೆ ಬಸ್ ಬಿಟ್ಟು ಏನು ಬಂತು? ವಾದ ಬಿತ್ತು. ಉತ್ತರ 'ಆ'.

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು 'ಈ'ಯಲ್ಲಿ. ಅದು ನಿಜವಾದರೆ ವಾದಕ್ಕೆ ಒಳ್ಳೆಯ ಬಲ ಬರುತ್ತದೆ, ಹೌದು. ಆದರೆ ಪ್ರಶ್ನೆ ಕೇಳಿದ್ದು 'ಯಾವುದು ಬಲ ಕೊಡುತ್ತದೆ' ಅಂತ ಅಲ್ಲ, 'ಯಾವುದು ಇಲ್ಲದೆ ಆಗುವುದಿಲ್ಲ' ಅಂತ. ತಿಂಗಳಿಗೆ ಎರಡು ದಿನ ತಪ್ಪಿಸಿದರೂ ಹಾಜರಾತಿ ಮೊದಲಿಗಿಂತ ಸುಧಾರಿಸಿಯೇ ಇರುತ್ತದೆ.

ಇಲ್ಲಿ ಒಂದು ಎಚ್ಚರ. 'ಎಲ್ಲರೂ' ಅನ್ನುವುದರ ಉಲ್ಟಾ 'ಯಾರೂ ಇಲ್ಲ' ಅಲ್ಲ, 'ಎಲ್ಲರೂ ಅಲ್ಲ'. 'ಕೆಲವರಾದರೂ' ಅನ್ನುವುದರ ಉಲ್ಟಾ 'ಒಬ್ಬರೂ ಇಲ್ಲ'. ಇದನ್ನು ತಪ್ಪಿದರೆ ಇಡೀ ಪರೀಕ್ಷೆ ತಪ್ಪುತ್ತದೆ. ಆಪ್ಷನ್‌ನಲ್ಲಿ 'ಎಲ್ಲ', 'ಯಾವಾಗಲೂ', 'ಮಾತ್ರ' ಇದ್ದರೆ ಒಂದು ಸಲ ಅನುಮಾನದಿಂದ ನೋಡಿ. 'ಕೆಲವರಾದರೂ', 'ಒಂದಾದರೂ' ಇದ್ದರೆ ಹಗುರ ಅಂತ ತಳ್ಳಿಹಾಕಬೇಡಿ.

ಎರಡು ಬಗೆಯ ಊಹೆ

'ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಭಾಗದ ರೈತರು ಭತ್ತ ಬೆಳೆದು ಆದಾಯ ಹೆಚ್ಚಿಸಿಕೊಂಡರು. ಯಲಬುರ್ಗಾಕ್ಕೂ ನೀರು ಕೊಟ್ಟರೆ ಅಲ್ಲಿಯ ರೈತರ ಆದಾಯವೂ ಹೆಚ್ಚುತ್ತದೆ.'

ಕೃಷ್ಣೆಯ ನೀರನ್ನು ಕುಷ್ಟಗಿ, ಯಲಬುರ್ಗಾ ಕಡೆಗೆ ತರುವ ಕೊಪ್ಪಳ ಏತ ನೀರಾವರಿಯ ಮಾತು ಬಂದಾಗಲೆಲ್ಲ ಇಂಥ ವಾದ ಕೇಳುತ್ತೇವೆ. ಇದರ ಅಡಿಯಲ್ಲಿ ಎರಡು ಊಹೆ ಇವೆ. ಒಂದು ಸೇತುವೆಯಂಥದ್ದು: ಆದಾಯದ ಮಟ್ಟಿಗೆ ಯಲಬುರ್ಗಾವನ್ನು ಗಂಗಾವತಿಗೆ ಹೋಲಿಸಬಹುದು. ಇನ್ನೊಂದು ಬೇಲಿಯಂಥದ್ದು: ಎರೆ ಹೊಲದಲ್ಲಿ ಜೋಳ, ಕಡಲೆ ಬೆಳೆಯುವ ಯಲಬುರ್ಗಾದ ಒಣಬೇಸಾಯಕ್ಕೆ ನೀರಿನ ಲಾಭವನ್ನೆಲ್ಲ ನುಂಗಿಹಾಕುವ ಬೇರೆ ತೊಡಕು ಇಲ್ಲ. ಯಾವುದನ್ನು ಉಲ್ಟಾ ಮಾಡಿದರೂ ವಾದ ಕುಸಿಯುತ್ತದೆ. ಆದರೆ 'ಯಲಬುರ್ಗಾದ ರೈತರೂ ಭತ್ತವನ್ನೇ ಬೆಳೆಯುತ್ತಾರೆ' ಅನ್ನುವುದು ಅಗತ್ಯ ಊಹೆ ಅಲ್ಲ. ನೀರು ಸಿಕ್ಕರೆ ಬೇರೆ ಬೆಳೆಯಿಂದಲೂ ಆದಾಯ ಹೆಚ್ಚಬಹುದಲ್ಲ.

ಬ್ಯಾಂಕ್ ಪರೀಕ್ಷೆಯ ಮಾದರಿ

ಇಲ್ಲಿ ಜಾಹೀರಾತು, ಸೂಚನೆ, ಮನವಿಗಳು ಬರುತ್ತವೆ. 'ಗಂಗಾವತಿ ಸೋನಾ ಮಸೂರಿ ಕೊಳ್ಳಿರಿ, ಅನ್ನ ಉದುರುದುರಾಗಿ ಆಗುತ್ತದೆ.' ಊಹೆ 1: ಅನ್ನ ಉದುರಾಗಿರಬೇಕು ಅಂತ ಬಯಸುವ ಗಿರಾಕಿಗಳು ಇದ್ದಾರೆ. ಊಹೆ 2: ಬೇರೆ ಅಕ್ಕಿಯ ಅನ್ನ ಅಂಟಂಟಾಗುತ್ತದೆ. ಮೊದಲನೆಯದು ಅಡಗಿದೆ, ಉದುರು ಅನ್ನ ಯಾರಿಗೂ ಬೇಡವಾದರೆ ಹೀಗೆ ಜಾಹೀರಾತು ಕೊಡುವುದರಲ್ಲಿ ಅರ್ಥವೇ ಇಲ್ಲ. ಎರಡನೆಯದು ಇಲ್ಲ, ಜಾಹೀರಾತು ಬೇರೆ ಅಕ್ಕಿಯ ಸುದ್ದಿಗೇ ಹೋಗಿಲ್ಲ.

19ನೇ ಗೇಟಿನ ಪಾಠ

ಇದು ಬರೀ ಅಂಕದ ಆಟ ಅನ್ನುವವರಿಗೆ ಒಂದು ನಿಜವಾದ ಪ್ರಕರಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಕೆಳಗೆ ಲಕ್ಷಾಂತರ ಎಕರೆ ಬೆಳೆ ಅದೇ ನೀರನ್ನು ನಂಬಿತ್ತು. ಆಗ ಕೇಳಿಬಂದ ಮೊದಲ ವಾದ ಹೀಗಿತ್ತು: ಹೊಸ ಗೇಟು ಕೂರಿಸಲೇಬೇಕು, ಆದ್ದರಿಂದ ಸುಮಾರು 60 ಟಿಎಂಸಿ ನೀರನ್ನು ಹೊರಗೆ ಬಿಡಲೇಬೇಕು.

ಇದರ ಅಗತ್ಯ ಊಹೆ ಯಾವುದು? 'ಹರಿಯುವ ನೀರಿನಲ್ಲಿ ಗೇಟು ಇಳಿಸಲು ಆಗುವುದಿಲ್ಲ' ಅನ್ನುವುದು. ಉಲ್ಟಾ ಮಾಡಿ: 'ಹರಿಯುವ ನೀರಿನಲ್ಲೂ ಇಳಿಸಬಹುದು'. ಅಷ್ಟೊಂದು ನೀರು ಬಿಡಬೇಕು ಅನ್ನುವ ತೀರ್ಮಾನಕ್ಕೆ ಆಧಾರವೇ ಉಳಿಯುವುದಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳು, ಕಾರ್ಮಿಕರು ಮಾಡಿ ತೋರಿಸಿದ್ದೂ ಇದನ್ನೇ. ಸ್ಟಾಪ್‌ಲಾಗ್ ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ವಾರದೊಳಗೆ ಹರಿವು ನಿಲ್ಲಿಸಿದರು. ಹೋಗಬಹುದಾಗಿದ್ದ ಎಷ್ಟೋ ನೀರು ಜಲಾಶಯದಲ್ಲೇ ಉಳಿಯಿತು.

ಊಹೆಯನ್ನು ಗುರುತಿಸಿದ ಮಾತ್ರಕ್ಕೆ ಅದು ಸುಳ್ಳು ಅಂತ ಆಗುವುದಿಲ್ಲ, ಇದು ನೆನಪಿರಲಿ. ಅದು ನಿಜವೋ ಸುಳ್ಳೋ ಅಂತ ಹೊರಗೆ ಹೋಗಿ ನೋಡಬೇಕು. ಆದರೆ ಎಲ್ಲಿ ನೋಡಬೇಕು ಅನ್ನುವುದನ್ನು ಈ ಪರೀಕ್ಷೆ ಹೇಳಿಕೊಡುತ್ತದೆ. ಎಂಜಿನಿಯರ್ ಆಗುವವರಿಗೆ ಇದು ಟೆಸ್ಟ್ ಮುಗಿದ ಮೇಲೂ ಬೇಕಾಗುವ ವಿದ್ಯೆ.

ನೀವೇ ಮಾಡಿ ನೋಡಿ

'ಗಂಗಾವತಿಗೆ ರೈಲು ಬಂದಿದೆ. ಆದ್ದರಿಂದ ಇಲ್ಲಿನ ಅಕ್ಕಿಯನ್ನು ಬೆಂಗಳೂರಿಗೆ ಲಾರಿಗಿಂತ ಕಡಿಮೆ ಖರ್ಚಿನಲ್ಲಿ ಸಾಗಿಸಬಹುದು.'

ಅ) ರೈಸ್ ಮಿಲ್ಲಿನವರೆಲ್ಲ ಲಾರಿ ಬಿಟ್ಟು ರೈಲನ್ನೇ ಬಳಸುತ್ತಾರೆ.
ಆ) ಹತ್ತಿಸುವ, ಇಳಿಸುವ ಕೂಲಿ ರೈಲಿನ ಉಳಿತಾಯವನ್ನು ಪೂರ್ತಿ ತಿಂದುಹಾಕುವುದಿಲ್ಲ.
ಇ) ಬೆಂಗಳೂರಿನಲ್ಲಿ ಅಕ್ಕಿಗೆ ಬೇಡಿಕೆ ಹೆಚ್ಚುತ್ತಲೇ ಇರುತ್ತದೆ.

ಉತ್ತರ 'ಆ'. ಇದು ಬೇಲಿ ಬಗೆಯ ಊಹೆ. ಉಳಿದ ಎರಡು ಯಾಕೆ ಅಲ್ಲ ಅನ್ನುವುದನ್ನು ಉಲ್ಟಾ ಮಾಡಿ ಪಕ್ಕದ ಗೆಳೆಯರಿಗೆ ವಿವರಿಸಿ. ವಿವರಿಸಲು ಬಂದರೆ ಕಲಿತಂತೆಯೇ. ದಿನಕ್ಕೆ ಐದು ಪ್ರಶ್ನೆ ಸಾಕು, ಆದರೆ ಸರಿ ಉತ್ತರದ ಜೊತೆಗೆ ತಪ್ಪು ಆಪ್ಷನ್‌ಗಳು ಯಾಕೆ ತಪ್ಪು ಅನ್ನುವುದನ್ನೂ ಒಂದೊಂದು ಸಾಲು ಬರೆಯಿರಿ.