55 ಪಂದ್ಯ ಅಂದ್ರೆ ಕಮ್ಮಿನಾ, ಜಾಸ್ತಿನಾ?

ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡ್ ಮುಂದೆ ನಿಂತಾಗ ನಮಗೆಲ್ಲ ಒಂದು ಸತ್ಯ ಚೆನ್ನಾಗಿ ಗೊತ್ತಾಗಿರುತ್ತೆ. "ನಾನು 28 ಕ್ಲಾಸ್ ಅಟೆಂಡ್ ಮಾಡಿದೀನಿ ಸಾರ್" ಅಂದ್ರೆ ಯಾರೂ ಕೇಳಲ್ಲ. ಅವರು ಕೇಳೋದು ಒಂದೇ ಪ್ರಶ್ನೆ: ಒಟ್ಟು ಎಷ್ಟು ಕ್ಲಾಸ್ ನಡೆದಿತ್ತು? 32ರಲ್ಲಿ 28 ಆದ್ರೆ ನೀವು ಪುಣ್ಯವಂತರು. 50ರಲ್ಲಿ 28 ಆದ್ರೆ ಶಾರ್ಟೇಜ್. ಮೇಲಿನ ಸಂಖ್ಯೆ ಅದೇ, ಕೆಳಗಿನ ಸಂಖ್ಯೆ ಬೇರೆ, ಹಣೆಬರಹ ಬೇರೆ.

ಇಷ್ಟು ಸುಲಭದ ವಿಷಯವನ್ನ ಕ್ರೀಡಾ ದಾಖಲೆ ಓದುವಾಗ ಮಾತ್ರ ಮರೆತುಬಿಡ್ತೀವಿ. "ಅತಿ ಹೆಚ್ಚು ಪಂದ್ಯ ಆಡಿದವರು" ಅನ್ನೋ ಪಟ್ಟಿ ನೋಡಿದ ತಕ್ಷಣ ಮೇಲಿರೋರು ಗಟ್ಟಿಗರು, ಕೆಳಗಿರೋರು ಅಷ್ಟಕ್ಕಷ್ಟೇ ಅಂತ ತೀರ್ಮಾನ ಮಾಡ್ತೀವಿ. ಈ ಅಭ್ಯಾಸ ಎಲ್ಲಿ ಎಡವುತ್ತೆ ಅಂತ ತಿಳಿಯೋಕೆ ನಮ್ಮಲ್ಲಿ ಹೆಚ್ಚು ಜನ ನೋಡದ ಒಂದು ಆಟವನ್ನ ಈ ಸಲ ಪಾಠಕ್ಕೆ ತಗೊಂಡಿದೀನಿ: ಮಹಿಳೆಯರ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್.

ಆಟದ ಪರಿಚಯ, ಎರಡೇ ಮಾತಲ್ಲಿ

ಅಂಡಾಕಾರದ ದೊಡ್ಡ ಮೈದಾನ, ಅಂಡಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದು ಕಳಿಸಿದ್ರೆ ಗೋಲು, 6 ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದ್ರೆ 1 ಅಂಕ. ಪುರುಷರಲ್ಲಿ ತಂಡಕ್ಕೆ 18 ಜನ, ಮಹಿಳೆಯರಲ್ಲಿ 16 ಜನ ಮೈದಾನದಲ್ಲಿರ್ತಾರೆ. ಓಟ, ನೆಗೆತ, ಡಿಕ್ಕಿ ಮೂರೂ ಇರೋ ಆಟ. ಹಾಗಾಗಿ ಮೊಣಕಾಲಿಗೆ ದೊಡ್ಡ ಶತ್ರು.

ಮಹಿಳೆಯರ ರಾಷ್ಟ್ರೀಯ ಲೀಗ್, ಅಂದ್ರೆ ಎಎಫ್‌ಎಲ್‌ಡಬ್ಲ್ಯೂ, ಶುರುವಾಗಿದ್ದು 2017ರಲ್ಲಿ. ಫೆಬ್ರವರಿ 3ರಂದು ಮೆಲ್ಬರ್ನ್‌ನಲ್ಲಿ ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ನಡುವೆ ಮೊದಲ ಪಂದ್ಯ. 24,568 ಜನ ಒಳಗೆ ಸೇರಿದ ಮೇಲೆ ಗೇಟ್ ಮುಚ್ಚಬೇಕಾಯ್ತು, ಇನ್ನೂ ಎಷ್ಟೋ ಜನ ಹೊರಗೇ ಉಳಿದ್ರು.

ಈಗ ಲೆಕ್ಕಕ್ಕೆ ಬರೋಣ

ಫೈನಲ್ಸ್ ಬಿಟ್ಟು, ಲೀಗ್ ಹಂತದಲ್ಲಿ ಒಂದು ತಂಡಕ್ಕೆ ಸಿಕ್ಕಿದ ಪಂದ್ಯಗಳು ಹೀಗಿವೆ:

2017: 7
2018: 7
2019: 7
2020: 6 (8 ಇರಬೇಕಿತ್ತು, ಕೋವಿಡ್ ಬಂತು)
2021: 9
2022, ಮೊದಲ ಹಂಗಾಮು: 10
2022, ಎರಡನೇ ಹಂಗಾಮು: 10
2023: 10
2024: 11
2025: 12

ಮೊದಲ ಆರು ಹಂಗಾಮು ಕೂಡಿಸಿ ನೋಡಿ: 46. ಪುರುಷರ ಎಎಫ್‌ಎಲ್‌ನಲ್ಲಿ ಈಗ ಒಂದು ಹಂಗಾಮಿಗೇ 23 ಲೀಗ್ ಪಂದ್ಯ. ಅಂದ್ರೆ ಒಬ್ಬ ಹುಡುಗ ಎರಡು ವರ್ಷದಲ್ಲಿ ಮುಗಿಸೋದನ್ನ, ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದ ಹುಡುಗಿ ಆರು ಹಂಗಾಮಿನಲ್ಲಿ ಮುಗಿಸಬೇಕು.

ಹತ್ತೂ ಹಂಗಾಮಿನ ಮೊತ್ತ 89. ಇಲ್ಲೊಂದು ಸ್ವಾರಸ್ಯ ಇದೆ. 2025ರ ಲೀಗ್ ಹಂತ ಮುಗಿದಾಗಲೂ, ಮೊದಲ ದಿನದಿಂದ ಒಂದೂ ಪಂದ್ಯ ಬಿಡದೆ ಆಡಿದವರಿಗೂ ಬರೀ ಲೀಗ್ ಪಂದ್ಯಗಳಿಂದ 100 ಮುಟ್ಟೋಕೆ ಆಗ್ತಿರಲಿಲ್ಲ. ಉಳಿದ 11 ಫೈನಲ್ಸ್‌ನಿಂದಲೇ ಬರಬೇಕು. ಅಂದ್ರೆ "ನೂರು ಪಂದ್ಯ" ಅನ್ನೋದು ಆಟಗಾರ್ತಿಯ ದೇಹದ ಗಟ್ಟಿತನವನ್ನ ಎಷ್ಟು ಅಳೆಯುತ್ತೋ, ಅವಳು ಯಾವ ಕ್ಲಬ್‌ನಲ್ಲಿದ್ದಳು ಅನ್ನೋದನ್ನೂ ಅಷ್ಟೇ ಅಳೆಯುತ್ತೆ. ಪದೇ ಪದೇ ಫೈನಲ್ಸ್ ತಲುಪಿದ ಅಡಿಲೇಡ್, ಬ್ರಿಸ್ಬೇನ್ ಥರದ ಕ್ಲಬ್‌ನವರಿಗೆ ಏಣಿ ಹತ್ತಿರ ಇತ್ತು. ಸೋಲ್ತಾನೇ ಇದ್ದ ತಂಡದ ಒಳ್ಳೆ ಆಟಗಾರ್ತಿಗೆ ಏಣಿಯೇ ಇರಲಿಲ್ಲ. 2017ರಲ್ಲಂತೂ ಎಂಟು ತಂಡದಲ್ಲಿ ಎರಡಕ್ಕೆ ಮಾತ್ರ ಗ್ರ್ಯಾಂಡ್ ಫೈನಲ್ ಭಾಗ್ಯ. ಒಂದೇ ಒಂದು ಹೆಚ್ಚುವರಿ ಪಂದ್ಯ, ಆದ್ರೆ ಏಳರ ಮೇಲೆ ಒಂದು ಅಂದ್ರೆ ಶೇಕಡ 14!

ಪುರುಷರ ಕಡೆ ಬ್ರೆಂಟ್ ಹಾರ್ವಿ 1996ರಿಂದ 2016ರವರೆಗೆ ಆಡಿ 432 ಪಂದ್ಯಕ್ಕೆ ನಿವೃತ್ತರಾದರು. ವರ್ಷಕ್ಕೆ 12 ಪಂದ್ಯದ ಲೆಕ್ಕದಲ್ಲಿ ಅಲ್ಲಿಗೆ ತಲುಪೋಕೆ 36 ವರ್ಷ ಬೇಕು. ಹದಿನೆಂಟಕ್ಕೆ ಶುರು ಮಾಡಿದವಳು ಐವತ್ನಾಲ್ಕರವರೆಗೆ ಓಡಬೇಕು. ಎರಡು ಪಟ್ಟಿಯನ್ನ ಅಕ್ಕಪಕ್ಕ ಇಟ್ಟು ಹೋಲಿಸೋದು ಎಷ್ಟು ಅರ್ಥಹೀನ ಅಂತ ಗೊತ್ತಾಯ್ತಲ್ಲ?

ಛೇದ ಎಲ್ಲರಿಗೂ ಒಂದೇ ಅಲ್ಲ

ಕ್ಲಬ್‌ಗಳೆಲ್ಲ ಒಟ್ಟಿಗೆ ಬರಲಿಲ್ಲ. 2017ರಲ್ಲಿ 8. 2019ರಲ್ಲಿ ನಾರ್ತ್ ಮೆಲ್ಬರ್ನ್, ಜೀಲಾಂಗ್ ಸೇರಿ 10. 2020ಕ್ಕೆ 14. 2022ರ ಎರಡನೇ ಹಂಗಾಮಿಗೆ ಎಸೆಂಡನ್, ಹಾಥಾರ್ನ್, ಪೋರ್ಟ್ ಅಡಿಲೇಡ್, ಸಿಡ್ನಿ ಸೇರಿ 18. ಈ ಕೊನೆಯ ನಾಲ್ಕು ಕ್ಲಬ್‌ಗಳಿಗೆ 2025ರವರೆಗೆ ಸಿಕ್ಕ ಲೀಗ್ ಪಂದ್ಯ 10+10+11+12, ಅಂದ್ರೆ 43.

ಒಂದು ಉದಾಹರಣೆ ಮಾಡೋಣ. 'ಎ' ಅನ್ನೋ ಆಟಗಾರ್ತಿ ಮೊದಲಿಂದ ಇರೋ ಕ್ಲಬ್‌ನವಳು, 60 ಲೀಗ್ ಪಂದ್ಯ ಆಡಿದ್ದಾಳೆ. 'ಬಿ' ಹೊಸ ಕ್ಲಬ್‌ನಲ್ಲೇ ಶುರು ಮಾಡಿದವಳು, 40 ಆಡಿದ್ದಾಳೆ. ಪಟ್ಟಿಯಲ್ಲಿ 'ಎ' ಮೇಲೆ. ಆದ್ರೆ 60/89 ಅಂದ್ರೆ ಶೇಕಡ 67, 40/43 ಅಂದ್ರೆ ಶೇಕಡ 93. ಮೆಷಿನ್ ಬಗ್ಗೆ ಮಾತಾಡುವಾಗ ಇದನ್ನೇ ಅವೈಲಬಿಲಿಟಿ ಅಂತೀವಿ: ಬೇಕಾದಾಗ ಎಷ್ಟು ಸಲ ಸಿಕ್ಕಿತು. ಆ ಅಳತೆಯಲ್ಲಿ 'ಬಿ' ಬಹಳ ಮುಂದಿದ್ದಾಳೆ.

ಗಾಯದ ಬೆಲೆಯೂ ಇದೇ ಥರ. ಮೊಣಕಾಲಿನ ಎಸಿಎಲ್ ಹರಿದ್ರೆ ವಾಪಸ್ ಬರೋಕೆ ಸಾಮಾನ್ಯವಾಗಿ 9ರಿಂದ 12 ತಿಂಗಳು. ದೇಹಕ್ಕೆ ಅದೇ ನೋವು, ಅದೇ ಆಪರೇಷನ್. ಆದ್ರೆ 2020ರ ಹಂಗಾಮು ತಪ್ಪಿದ್ರೆ ಹೋಗಿದ್ದು 6 ಲೀಗ್ ಪಂದ್ಯ, 2025 ತಪ್ಪಿದ್ರೆ 12. ಒಂದೇ ವರ್ಷದಲ್ಲಿ ಎರಡು ಹಂಗಾಮು ನಡೆದ 2022 ಪೂರ್ತಿ ತಪ್ಪಿದ್ರೆ 20! ದಾಖಲೆಯ ಪುಸ್ತಕಕ್ಕೆ ನೋವು ಕಾಣಲ್ಲ, ಕ್ಯಾಲೆಂಡರ್ ಮಾತ್ರ ಕಾಣುತ್ತೆ.

ಮೀಟರ್ ಬದಲಾಯಿಸಿದ ಬೈಕ್

ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡವರಿಗೆ ಇದು ಗೊತ್ತು. ಮೀಟರ್ 5,000 ಕಿಲೋಮೀಟರ್ ತೋರಿಸ್ತಿರುತ್ತೆ, ಎಂಜಿನ್ ಸದ್ದು ಬೇರೆ ಕಥೆ ಹೇಳುತ್ತೆ. ಹಳೇ ಮೀಟರ್ ತೆಗೆದು ಹೊಸದು ಹಾಕಿದ್ರೆ ಓಡಿದ ದೂರ ಅಳಿಸಿಹೋಗಲ್ಲ, ಕಾಣಿಸಲ್ಲ ಅಷ್ಟೇ.

ಡೇಸಿ ಪಿಯರ್ಸ್ ಕಥೆ ಹೀಗೇ. ಎಎಫ್‌ಎಲ್‌ಡಬ್ಲ್ಯೂ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇರೋದು 55 ಪಂದ್ಯ. ಆದ್ರೆ ಅವರು ಹುಟ್ಟಿದ್ದು 1988ರಲ್ಲಿ, ವಿಕ್ಟೋರಿಯಾ ರಾಜ್ಯದ ಮಹಿಳಾ ಲೀಗ್‌ನಲ್ಲಿ ಡೇರೆಬಿನ್ ಕ್ಲಬ್‌ಗೆ ಆಡೋಕೆ ಶುರು ಮಾಡಿದ್ದು ಹದಿಹರೆಯದಲ್ಲೇ. 2013ರಲ್ಲಿ ಮೆಲ್ಬರ್ನ್ ಮತ್ತು ವೆಸ್ಟರ್ನ್ ಬುಲ್‌ಡಾಗ್ಸ್ ಹೆಸರಲ್ಲಿ ಮಹಿಳೆಯರ ಪ್ರದರ್ಶನ ಪಂದ್ಯ ನಡೆದಾಗ ಮೆಲ್ಬರ್ನ್ ತಂಡದ ನಾಯಕಿ ಅವರೇ. ರಾಷ್ಟ್ರೀಯ ಲೀಗ್‌ನ ಮೀಟರ್ ಸೊನ್ನೆಯಿಂದ ಓಡೋಕೆ ಶುರುವಾದಾಗ ಅವರಿಗೆ 28. ಹೊಟ್ಟೆಪಾಡಿಗೆ ಸೂಲಗಿತ್ತಿ ನರ್ಸ್ ಆಗಿ ಕೆಲಸ ಮಾಡಿದವರು. ಅವಳಿ ಮಕ್ಕಳಾದ್ದರಿಂದ 2019ರ ಹಂಗಾಮು ಆಡಲಿಲ್ಲ. 2022ರ ಎರಡನೇ ಹಂಗಾಮಿನಲ್ಲಿ ಮೆಲ್ಬರ್ನ್‌ಗೆ ಕಪ್ ಗೆದ್ದುಕೊಟ್ಟು ನಿವೃತ್ತರಾದರು. ಆ 55ರ ಹಿಂದೆ ಮೀಟರ್ ಇಲ್ಲದೆ ಓಡಿದ ವರ್ಷಗಳೆಷ್ಟು!

ಎರಿನ್ ಫಿಲಿಪ್ಸ್ ಇನ್ನೊಂದು ಥರ. ಅಪ್ಪ ಗ್ರೆಗ್ ಫಿಲಿಪ್ಸ್ ಪೋರ್ಟ್ ಅಡಿಲೇಡ್‌ನ ಹೆಸರಾಂತ ಆಟಗಾರ. ಮಗಳು ಹುಡುಗರ ಜತೆ ಆಡ್ತಿದ್ದಳು, 13ನೇ ವಯಸ್ಸಿಗೆ ನಿಲ್ಲಿಸಬೇಕಾಯ್ತು, ಯಾಕಂದ್ರೆ ಮುಂದೆ ಹುಡುಗಿಯರಿಗೆ ದಾರಿಯೇ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್‌ಗೆ ಹೋಗಿ 2008ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು, ಅಮೆರಿಕದ ಡಬ್ಲ್ಯೂಎನ್‌ಬಿಎನಲ್ಲಿ ಎರಡು ಸಲ ಚಾಂಪಿಯನ್ ತಂಡದಲ್ಲಿದ್ದರು. ಫುಟ್‌ಬಾಲ್‌ಗೆ ವಾಪಸ್ ಬಂದಾಗ 31. ಬಂದ ವರ್ಷವೇ ಲೀಗ್‌ನ ಶ್ರೇಷ್ಠ ಆಟಗಾರ್ತಿ, 2019ರಲ್ಲಿ ಮತ್ತೆ. ಆ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ 53,034 ಜನರ ಮುಂದೆ ಮೊಣಕಾಲು ಕೈಕೊಟ್ಟಿತು. ಆದ್ರೂ ಮರಳಿ ಬಂದು 2023ರವರೆಗೆ ಆಡಿದರು. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ತಾರೆ ಕೋರಾ ಸ್ಟಾಂಟನ್ ಅಂತೂ 36ನೇ ವಯಸ್ಸಿನಲ್ಲಿ ಈ ಲೀಗ್‌ಗೆ ಕಾಲಿಟ್ಟು 40 ದಾಟಿದ ಮೇಲೂ ಆಡಿದರು.

ಇನ್ನೂ ಉರೀತಿರೋ ಬಲ್ಬು

ಕೊನೆಯದಾಗಿ ರಿಲಯಬಿಲಿಟಿ ಕ್ಲಾಸಿನ ಒಂದು ಮಾತು. 10 ಬಲ್ಬನ್ನ 1,000 ಗಂಟೆ ಉರಿಸಿ ಪರೀಕ್ಷೆ ನಿಲ್ಲಿಸಿದಿರಿ ಅಂದ್ಕೊಳ್ಳಿ. ನಾಲ್ಕು ಸುಟ್ಟುಹೋಗಿವೆ, ಆರು ಇನ್ನೂ ಉರೀತಿವೆ. ಆ ಆರರ ಆಯಸ್ಸನ್ನ 1,000 ಅಂತ ಬರೆದು ಸರಾಸರಿ ತೆಗೆದ್ರೆ ಉತ್ತರ ತಪ್ಪು, ನಿಜಕ್ಕಿಂತ ಕಡಿಮೆ ಬರುತ್ತೆ. ಇದಕ್ಕೆ ಸೆನ್ಸರಿಂಗ್ ಅಂತಾರೆ.

2025ಕ್ಕೆ ಈ ಲೀಗ್‌ಗೆ ಒಂಬತ್ತೇ ವರ್ಷ. 18ಕ್ಕೆ ಶುರು ಮಾಡಿದ ಮೊದಲ ತಲೆಮಾರು ಇನ್ನೂ ಮೂವತ್ತರೊಳಗೇ ಇದೆ. ಅವರಲ್ಲಿ ಎಷ್ಟೋ ಜನ ಇನ್ನೂ ಉರೀತಿರೋ ಬಲ್ಬುಗಳು. "ಮಹಿಳಾ ಆಟಗಾರ್ತಿಯರ ವೃತ್ತಿ ಚಿಕ್ಕದು" ಅಂತ ಈಗಲೇ ಸರಾಸರಿ ತೆಗೆದು ಹೇಳಿದ್ರೆ ಅದು ಬಲ್ಬಿನ ತಪ್ಪೇ.

ವೃತ್ತಿ ಉದ್ದ ಆಗೋಕೆ ಸಂಬಳವೂ ಬೇಕು. 2017ರಲ್ಲಿ ತಾರೆಯರಿಗೆ ಸುಮಾರು 27,000 ಆಸ್ಟ್ರೇಲಿಯನ್ ಡಾಲರ್, ಬಹುಪಾಲು ಆಟಗಾರ್ತಿಯರಿಗೆ 8,500 ಡಾಲರ್. ಅದರಲ್ಲಿ ಬಾಡಿಗೆ ಕಟ್ಟೋಕಾಗಲ್ಲ, ಹಾಗಾಗಿ ಹಗಲು ಕೆಲಸ, ಸಂಜೆ ಪ್ರಾಕ್ಟೀಸ್. 2023ರ ಒಪ್ಪಂದದಲ್ಲಿ 12 ತಿಂಗಳ ಕಾಂಟ್ರ್ಯಾಕ್ಟ್ ಬಂತು, ಸಂಬಳವೂ ಏರಿತು. ಕೆಲಸ ಬಿಡಬೇಕಾ, ಆಟ ಬಿಡಬೇಕಾ ಅನ್ನೋ ಪ್ರಶ್ನೆ ಸ್ವಲ್ಪ ಹಗುರಾದಾಗ ವೃತ್ತಿ ತಾನಾಗಿ ಉದ್ದ ಆಗುತ್ತೆ.

ನಮ್ಮ ಅಂಗಳದಿಂದ ಒಂದು ಸಂಖ್ಯೆ

2017ರ ಮೊದಲ ಗ್ರ್ಯಾಂಡ್ ಫೈನಲ್ ನಡೆದಿದ್ದು ಗೋಲ್ಡ್ ಕೋಸ್ಟ್‌ನ ಕರಾರಾ ಮೈದಾನದಲ್ಲಿ. ಅಡಿಲೇಡ್ 6 ಅಂಕದಿಂದ ಬ್ರಿಸ್ಬೇನ್ ತಂಡವನ್ನ ಸೋಲಿಸಿತು. ಅದೇ ಮೈದಾನದಲ್ಲಿ 2021ರಲ್ಲಿ ಭಾರತದ ಮಹಿಳೆಯರು ಆಸ್ಟ್ರೇಲಿಯಾ ವಿರುದ್ಧ ಹಗಲು-ರಾತ್ರಿ ಟೆಸ್ಟ್ ಆಡಿದರು. ನಾಯಕಿ ಮಿಥಾಲಿ ರಾಜ್ ಅವರಿಗೆ ಅದು ಕೊನೆಯ ಟೆಸ್ಟ್. ಮೊದಲನೆಯದು ಆಡಿದ್ದು 2002ರಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಅವರು ಆಡಿದ ಟೆಸ್ಟ್ ಎಷ್ಟು ಗೊತ್ತಾ? ಹನ್ನೆರಡು.

ಹನ್ನೆರಡು ಅನ್ನೋದು ಮೇಲಿನ ಸಂಖ್ಯೆ. ಇನ್ಮೇಲೆ ಯಾವ ದಾಖಲೆ ಪಟ್ಟಿ ಕಂಡ್ರೂ, ಅಟೆಂಡೆನ್ಸ್ ಶೀಟ್ ನೋಡೋ ಹಾಗೇ ನೋಡಿ. ಕೆಳಗಿನ ಸಂಖ್ಯೆ ಎಷ್ಟು, ಅದನ್ನ ಅಷ್ಟಕ್ಕೇ ನಿಲ್ಲಿಸಿದ್ದು ಯಾರು ಅಂತ ಒಂದು ಸಲ ಕೇಳಿ.